ಗೊತ್ತಿದ್ದೂ ಏಕೆ ನಿಲ್ಲಿಸಲಾಗುವುದಿಲ್ಲ?

ನನ್ನ ಕಾಯಿಲೆಯ ವಿಷಯ ತಿಳಿದವರೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆಗೆ ಬಂದು ನಿಲ್ಲುತ್ತಾರೆ. "ಗ್ಯಾಸ್ ಆರಿಸಿದ್ದೀರಿ ಅಂತ ನಿಮಗೇ ಗೊತ್ತು. ಮತ್ತೆ ಮತ್ತೆ ನೋಡೋದು ದಂಡ ಅಂತಲೂ ಗೊತ್ತು. ಗೊತ್ತಿದ್ದ ಮೇಲೆ ನಿಲ್ಲಿಸಿಬಿಡಬಹುದಲ್ಲ ಸಾರ್?" ಸಹೋದ್ಯೋಗಿಗಳು ಕೇಳಿದ್ದಾರೆ, ಭಾವಮೈದುನ ಕೇಳಿದ್ದಾನೆ, ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ಅಳುತ್ತಲೇ ಕೇಳಿದ್ದಾಳೆ. ಶಿವಮೊಗ್ಗದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಗಣಿತ ಕಲಿಸುವ ನನಗೆ ಈ ಪ್ರಶ್ನೆ ತುಸು ಹೆಚ್ಚೇ ಚುಚ್ಚುತ್ತದೆ, ಏಕೆಂದರೆ ಸಂಭವನೀಯತೆಯ ಪಾಠವನ್ನು ಪ್ರತಿ ವರ್ಷ ಮಕ್ಕಳಿಗೆ ಹೇಳಿಕೊಡುವವನೂ ನಾನೇ.

ಕಾಯಿಲೆಯ ಹೆಸರು ಒಸಿಡಿ, ಅಂದರೆ ಒಬ್ಸೆಸಿವ್ ಕಂಪಲ್ಸಿವ್ ಡಿಸಾರ್ಡರ್. ಕನ್ನಡದಲ್ಲಿ ಇದನ್ನು ಗೀಳು ಮನೋರೋಗ ಎನ್ನುತ್ತಾರೆ. ಆ ಮಾತಿನಲ್ಲಿ ನನಗೆ ಒಂದು ತಕರಾರಿದೆ. ಕ್ರಿಕೆಟ್ಟಿನ ಗೀಳು, ಮೊಬೈಲಿನ ಗೀಳು ಎನ್ನುವಾಗ ಅಲ್ಲಿ ಒಂದು ಸುಖವಿದೆ, ಬೇಕೆಂಬ ಆಸೆಯಿದೆ. ಈ ಗೀಳಿನಲ್ಲಿ ಅಂಥದ್ದೇನೂ ಇಲ್ಲ. ಬೇಡವೆಂದರೂ ಒಂದು ಯೋಚನೆ ಮನಸ್ಸಿಗೆ ನುಗ್ಗುತ್ತದೆ, ಅದು ಹುಟ್ಟಿಸುವ ಭಯವನ್ನು ತಾಳಲಾರದೆ ಒಂದು ಕೆಲಸ ಮಾಡಬೇಕಾಗುತ್ತದೆ, ಮಾಡಿದ ಕೂಡಲೇ ಸ್ವಲ್ಪ ಹೊತ್ತು ಉಸಿರು ಹಗುರಾಗುತ್ತದೆ, ಅಷ್ಟರಲ್ಲಿ ಯೋಚನೆ ತಿರುಗಿ ಬರುತ್ತದೆ. ಈ ಸುತ್ತಾಟಕ್ಕೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಹೋಗುತ್ತಿದ್ದರೆ, ಅಥವಾ ಅದರಿಂದ ಮನೆ, ಕೆಲಸ, ಸಂಬಂಧಗಳು ಕೆಡುತ್ತಿದ್ದರೆ, ವೈದ್ಯರು ಅದನ್ನು ಕಾಯಿಲೆ ಎಂದು ಪರಿಗಣಿಸುತ್ತಾರೆ. ಮೇಜಿನ ಮೇಲಿನ ಪೆನ್ನುಗಳನ್ನು ಸಾಲಾಗಿ ಜೋಡಿಸಿ "ನನಗೂ ಸ್ವಲ್ಪ ಒಸಿಡಿ ಇದೆ" ಎಂದು ನಗುವವರಿಗೆ ಇರುವುದು ಅಚ್ಚುಕಟ್ಟುತನ. ಅದಕ್ಕೆ ಔಷಧ ಬೇಕಿಲ್ಲ.

ನನ್ನದು ಪರೀಕ್ಷಿಸುವ ಗೀಳು. ಅದು ಉಲ್ಬಣಿಸಿದ್ದ ವರ್ಷಗಳಲ್ಲಿ ಒಂಬತ್ತೂವರೆಯ ತರಗತಿಗೆ ಮನೆಯಿಂದ ಎಂಟಕ್ಕೇ ಹೊರಡಲು ಶುರುಮಾಡುತ್ತಿದ್ದೆ. ಕಾಲೇಜು ಇರುವುದು ಹತ್ತು ನಿಮಿಷದ ದಾರಿಯಲ್ಲಿ. ಸಿಲಿಂಡರಿನ ರೆಗ್ಯುಲೇಟರ್ ತಿರುಗಿಸಿ, ಒಲೆಯ ಗುಬುಟುಗಳನ್ನು ಎಡದಿಂದ ಬಲಕ್ಕೆ ಮುಟ್ಟಿ, ಬೀಗ ಹಾಕಿ, ಬೀಗ ಜಗ್ಗಿ, ಗೇಟಿನವರೆಗೆ ಬಂದು, ಜಗ್ಗಿದ್ದು ನಿಜವೇ ಎಂಬ ಸಂದೇಹ ಬಂದು ಮತ್ತೆ ಒಳಗೆ ಹೋಗುತ್ತಿದ್ದೆ. ಮೊಬೈಲಿನಲ್ಲಿ ರೆಗ್ಯುಲೇಟರಿನ ಫೋಟೋ ತೆಗೆದುಕೊಂಡರೆ ಸರಿಹೋದೀತು ಎಂದುಕೊಂಡೆ. ಆ ಫೋಟೋ ಇವತ್ತಿನದೋ ನಿನ್ನೆಯದೋ ಎಂಬ ಹೊಸ ಸಂದೇಹ ಹುಟ್ಟಿತು. ಉತ್ತರಪತ್ರಿಕೆಗಳ ಮೌಲ್ಯಮಾಪನವಂತೂ ಬೇಡ. ಕೂಡಿದ ಅಂಕಗಳನ್ನೇ ಏಳು ಸಲ, ಎಂಟು ಸಲ ಕೂಡುತ್ತಿದ್ದೆ, ಯಾವುದೋ ಮಗುವಿನ ಬದುಕು ನನ್ನ ಒಂದು ತಪ್ಪಿನಿಂದ ಹಾಳಾಗುತ್ತದೆಂದು. ಒಮ್ಮೆ ಬೆಂಗಳೂರಿಗೆ ಹೊರಟವನು ತರೀಕೆರೆಯಲ್ಲಿ ಬಸ್ಸಿಳಿದು, ಇನ್ನೊಂದು ಬಸ್ಸು ಹಿಡಿದು ಮನೆಗೆ ವಾಪಸು ಬಂದಿದ್ದೇನೆ. ಗ್ಯಾಸ್ ಆರಿತ್ತು.

ಈಗ ಪ್ರಶ್ನೆಗೆ ಬರುತ್ತೇನೆ. ಗ್ಯಾಸ್ ಆರಿದೆ ಎಂದು ನನಗೆ ಗೊತ್ತಿತ್ತೇ ಎಂದರೆ, ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ಗೊತ್ತಿದೆ ಎಂಬ ಭರವಸೆ ಮನಸ್ಸಿನಲ್ಲಿ ಕೂರುವುದು ಬೇರೆ. ನಿಮಗೆ ಈ ಎರಡೂ ಒಟ್ಟಿಗೇ ಆಗುವುದರಿಂದ ಅವು ಎರಡು ಎಂದು ನಿಮಗೆ ತೋರುವುದೇ ಇಲ್ಲ. ಬೀಗ ಹಾಕಿದ ಕ್ಷಣದಲ್ಲಿ "ಆಯಿತು" ಎಂಬ ಒಂದು ಸಣ್ಣ ಸಮಾಧಾನ ನಿಮ್ಮೊಳಗೆ ತಾನಾಗಿ ಮೂಡುತ್ತದೆ, ನೀವು ಮುಂದೆ ಹೋಗುತ್ತೀರಿ. ನನ್ನಲ್ಲಿ ಬೀಗ ಬೀಳುತ್ತದೆ, "ಆಯಿತು" ಮಾತ್ರ ಬರುವುದಿಲ್ಲ. ಹಣೆಯ ಹಿಂಭಾಗದ ಮಿದುಳಿಗೂ ಒಳಗಿನ ಕೆಲವು ಕೇಂದ್ರಗಳಿಗೂ ನಡುವಿನ ಸಂಪರ್ಕಜಾಲ ಈ ಕಾಯಿಲೆಯಲ್ಲಿ ಅತಿಯಾಗಿ ಕೆಲಸ ಮಾಡುತ್ತದೆ ಎಂಬುದನ್ನು ಮಿದುಳಿನ ಚಿತ್ರಣಗಳು ತೋರಿಸಿವೆ. ಆ "ಆಯಿತು" ಬರಲೆಂದು ನಾನು ಮತ್ತೆ ನೋಡುತ್ತೇನೆ, ಮತ್ತೆ ನೋಡುವುದರಿಂದಲೇ ಅದು ಇನ್ನಷ್ಟು ದೂರ ಹೋಗುತ್ತದೆ.

ಇದು ಬರಿಯ ನನ್ನ ಅನುಭವದ ಮಾತಲ್ಲ. ನೆದರ್ಲೆಂಡ್ಸಿನ ಮನೋವಿಜ್ಞಾನಿಗಳಾದ ಮಾರ್ಸೆಲ್ ವಾನ್ ಡೆನ್ ಹೌಟ್ ಮತ್ತು ಮೆರೆಲ್ ಕಿಂಡ್ಟ್ 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಆರೋಗ್ಯವಂತರನ್ನೇ ಕೂರಿಸಿ, ಕಂಪ್ಯೂಟರ್ ಪರದೆಯ ಮೇಲಿನ ಗ್ಯಾಸ್ ಒಲೆಯನ್ನು ಹಚ್ಚಿಸಿ, ಆರಿಸಿ, ಮತ್ತೆ ಮತ್ತೆ ಪರೀಕ್ಷಿಸುವಂತೆ ಮಾಡಲಾಯಿತು. ಕೊನೆಯಲ್ಲಿ ಕೇಳಿದಾಗ ಅವರ ನೆನಪು ಬಹುಮಟ್ಟಿಗೆ ಸರಿಯಾಗಿಯೇ ಇತ್ತು, ಆದರೆ ಆ ನೆನಪು ಮಸುಕಾಗಿತ್ತು, ಅದರ ಮೇಲಿನ ಅವರ ನಂಬಿಕೆ ಕುಸಿದಿತ್ತು. ಈ ಸಂಗತಿಯನ್ನು ಮೊದಲ ಸಲ ಓದಿದಾಗ, ನನ್ನ ಅಡುಗೆಮನೆಯನ್ನು ಯಾರೋ ಕಿಟಕಿಯಿಂದ ನೋಡಿ ಬರೆದಿದ್ದಾರೆ ಎನ್ನಿಸಿತ್ತು.

ಕೆಲವರು ಇದನ್ನು ಮಡಿಯ ಜೊತೆ ಹೋಲಿಸಿ, "ಹಿಂದಿನವರೆಲ್ಲ ಹೀಗೇ ಇದ್ದರಲ್ಲ" ಎನ್ನುತ್ತಾರೆ. ಮಡಿಯ ಹೆಸರಿನಲ್ಲಿ ಮನುಷ್ಯರನ್ನು ದೂರವಿಟ್ಟ ಲೆಕ್ಕ ಬೇರೆಯೇ ಇದೆ, ಅದನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ನಮ್ಮಜ್ಜಿಯ ಮಡಿಗೆ ಒಂದು ಕೊನೆಯಿತ್ತು. ಗಳುವಿನ ಮೇಲೆ ಒಣಗಿದ ಸೀರೆಯನ್ನು ಕೋಲಿನಿಂದ ತೆಗೆದು ಉಟ್ಟು, ಅಡುಗೆ ಮಾಡಿ, ನೈವೇದ್ಯ ಮುಗಿಸಿ, ಊಟವಾದ ಮೇಲೆ ಮಡಿಯೂ ಮುಗಿಯುತ್ತಿತ್ತು. ಆಮೇಲೆ ಅಜ್ಜಿ ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಬೀದಿಯವರೊಂದಿಗೆಲ್ಲ ಹರಟುತ್ತಿದ್ದಳು. ಅದೇ ಮನೆಯಲ್ಲಿದ್ದ ನಮ್ಮ ದೊಡ್ಡಮ್ಮನ ಮಡಿಗೆ ಕೊನೆಯಿರಲಿಲ್ಲ. ಬಚ್ಚಲಿಗೆ ಹೋದರೆ ಹಂಡೆಯ ನೀರೆಲ್ಲ ಖಾಲಿಯಾಗುವವರೆಗೆ ಬರುತ್ತಿರಲಿಲ್ಲ, ಕೈಗಳು ಬಿರುಕುಬಿಟ್ಟು ಬಿಳಚಿಕೊಂಡಿದ್ದವು, ಊಟಕ್ಕೆ ಕುಳಿತಾಗ ಮುಸುರೆ ತಗುಲಿತೆಂದು ಎದ್ದುಬಿಡುತ್ತಿದ್ದಳು. ಬಂಧುಗಳು ಅವಳನ್ನು "ಬಲು ಮಡಿ ಹೆಂಗಸು" ಎಂದು ಹೊಗಳುತ್ತಿದ್ದರು. ಹೊಗಳಿಕೆ ಸಿಕ್ಕಿದ್ದರಿಂದಲೇ ಅವಳಿಗೆ ಚಿಕಿತ್ಸೆ ಸಿಗಲಿಲ್ಲ ಎಂದು ನನಗೆ ಈಗ ಅನ್ನಿಸುತ್ತದೆ. ಈ ಕಾಯಿಲೆ ಕೆಲವು ಮನೆತನಗಳಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆಂದು ವೈದ್ಯರು ವಿವರಿಸಿದ ದಿನ ನನಗೆ ಮೊದಲು ನೆನಪಾದದ್ದು ಅವಳ ಕೈಗಳು.

ತೊಳೆಯುವುದು, ಪರೀಕ್ಷಿಸುವುದು ಕಣ್ಣಿಗೆ ಬೀಳುತ್ತವೆ. ಕಣ್ಣಿಗೆ ಬೀಳದ ಇನ್ನೊಂದು ಬಗೆಯಿದೆ. ಎಳೆಗೂಸನ್ನು ಎತ್ತಿಕೊಂಡ ತಾಯಿಗೆ ಅದನ್ನು ತಾನೇ ಕೆಳಗೆ ಹಾಕಿಬಿಟ್ಟೇನೆ ಎಂಬ ಚಿತ್ರ ಬರುವುದು, ದೇವರ ಮುಂದೆ ನಿಂತ ಭಕ್ತನಿಗೆ ಅಶ್ಲೀಲ ಮಾತುಗಳು ಮನಸ್ಸಿನಲ್ಲಿ ಮೊಳಗುವುದು, ಅದಕ್ಕೆ ಪ್ರಾಯಶ್ಚಿತ್ತವಾಗಿ ಒಳಗೊಳಗೇ ನೂರೆಂಟು ಸಲ ನಾಮ ಎಣಿಸುವುದು. ಇವರು ಯಾರಿಗೂ ಹೇಳುವುದಿಲ್ಲ, ತಾವು ಕೆಟ್ಟವರು ಎಂದೇ ನಂಬಿ ಕೂತಿರುತ್ತಾರೆ. ಅಂಥವರು ಇದನ್ನು ಓದುತ್ತಿದ್ದರೆ ಒಂದು ಮಾತು: ಹೀಗೆ ನುಗ್ಗುವ ಯೋಚನೆಗಳು ಕಾಯಿಲೆಯಿಲ್ಲದ ಸಾಮಾನ್ಯ ಜನರಲ್ಲೂ ಬಂದುಹೋಗುತ್ತವೆ ಎಂಬುದು 1978ರಲ್ಲೇ ರಾಕ್‌ಮನ್ ಮತ್ತು ಡಿ ಸಿಲ್ವ ಎಂಬ ಮನೋವಿಜ್ಞಾನಿಗಳು ನಡೆಸಿದ ಅಧ್ಯಯನದಿಂದ ತಿಳಿದಿದೆ. ನಿಮಗೆ ಅವು ಇಷ್ಟು ನೋಯಿಸುವುದು, ಅವು ನಿಮ್ಮ ಸ್ವಭಾವಕ್ಕೆ ವಿರುದ್ಧವಾಗಿರುವುದರಿಂದಲೇ.

ಚಿಕಿತ್ಸೆ ಇದೆ. ಲಂಡನ್ನಿನಲ್ಲಿ ವಿಕ್ಟರ್ ಮೇಯರ್ ಎಂಬ ಮನೋವಿಜ್ಞಾನಿ 1966ರಲ್ಲಿ ಇಬ್ಬರು ರೋಗಿಗಳ ವಿವರ ಪ್ರಕಟಿಸಿದ. ಅವರನ್ನು ಅವರ ಭಯದ ಎದುರಿಗೇ ನಿಲ್ಲಿಸಿ, ತೊಳೆಯುವಂಥ ಶಮನಕ್ರಿಯೆಗಳನ್ನು ಮಾತ್ರ ತಡೆದಿದ್ದ, ಇಬ್ಬರೂ ಸುಧಾರಿಸಿದ್ದರು. ಅಲ್ಲಿಂದ ಬೆಳೆದ ಇಆರ್‌ಪಿ (ಎಕ್ಸ್‌ಪೋಷರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಷನ್, ಅಂದರೆ ಭಯವನ್ನು ಎದುರಿಸಿ ಪ್ರತಿಕ್ರಿಯೆಯನ್ನು ತಡೆಯುವುದು) ಎಂಬ ಪದ್ಧತಿಯೇ ಇಂದು ಈ ಕಾಯಿಲೆಯ ಮುಖ್ಯ ಮನೋಚಿಕಿತ್ಸೆ. ನನ್ನ ಚಿಕಿತ್ಸಕಿ ಮೊದಲು ನನ್ನ ಭಯಗಳಿಗೆ ನೂರಕ್ಕೆ ಇಷ್ಟು ಎಂದು ಅಂಕ ಹಾಕಿಸಿದರು. ಕೋಣೆಯ ದೀಪ ಆರಿಸಿ ತಿರುಗಿ ನೋಡದಿರುವುದಕ್ಕೆ ಇಪ್ಪತ್ತು, ಗ್ಯಾಸನ್ನು ಒಂದೇ ಸಲ ನೋಡಿ ಹೊರಡುವುದಕ್ಕೆ ತೊಂಬತ್ತು. ಇಪ್ಪತ್ತರಿಂದ ಶುರುಮಾಡಿ ಏಳು ತಿಂಗಳಲ್ಲಿ ತೊಂಬತ್ತಕ್ಕೆ ಬಂದೆವು. ಮೊದಲ ದಿನ ದೀಪದ ಸ್ವಿಚ್ಚಿಗೆ ಬೆನ್ನು ಹಾಕಿ ಕುಳಿತು, ಬೆವರುತ್ತಾ ಗಡಿಯಾರ ನೋಡಿದ್ದೆ. ಆತಂಕ ತಾನಾಗಿ ಇಳಿಯಲು ನಲವತ್ತು ನಿಮಿಷ ಹಿಡಿಯಿತು. ಭರವಸೆ ಹುಟ್ಟಿಸುವುದು ಈ ಚಿಕಿತ್ಸೆಯ ಗುರಿಯಲ್ಲ. ಸಂದೇಹವನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮುಂದಿನ ಕೆಲಸಕ್ಕೆ ಹೋಗಲು ಅದು ಕಲಿಸುತ್ತದೆ.

ಜೊತೆಗೆ ಮಾತ್ರೆಯೂ ಇತ್ತು. ಫ್ಲುವೊಕ್ಸಮಿನ್, ಸರ್ಟ್ರಲಿನ್, ಫ್ಲುಆಕ್ಸಿಟಿನ್ ಮೊದಲಾದ ಔಷಧಗಳನ್ನು ಈ ಕಾಯಿಲೆಗೆ ಖಿನ್ನತೆಗಿಂತ ಹೆಚ್ಚಿನ ಪ್ರಮಾಣದಲ್ಲಿ ಕೊಡುವುದುಂಟು, ಗುಣ ಕಾಣಲು 8ರಿಂದ 12 ವಾರಗಳಾದರೂ ಬೇಕು. ಮೂರನೆಯ ವಾರಕ್ಕೇ "ಏನೂ ಪ್ರಯೋಜನವಿಲ್ಲ" ಎಂದು ತಾವಾಗಿಯೇ ಬಿಟ್ಟುಬಿಡುವವರು ಬಹಳ. ನಾನೂ ಒಮ್ಮೆ ಬಿಟ್ಟು ಪಶ್ಚಾತ್ತಾಪ ಪಟ್ಟಿದ್ದೇನೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಒಸಿಡಿಗೆಂದೇ ವಿಶೇಷ ಕ್ಲಿನಿಕ್ ಇದೆ. ದೂರದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು, ಖರ್ಚಿಲ್ಲ.

ಮನೆಯವರ ಪಾತ್ರದ ಬಗ್ಗೆ ಹೇಳಲೇಬೇಕು, ಏಕೆಂದರೆ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರು ಅವರೇ. "ಆರಿದೆ ಕಣ್ರೀ, ನಾನೇ ನೋಡಿದೀನಿ, ಆಣೆ" ಎಂದು ನನ್ನ ಹೆಂಡತಿ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ಪ್ರೀತಿಯಿಂದಲೇ ಹೇಳುತ್ತಿದ್ದಳು, ಆದರೆ ಅವಳ ಮಾತು ನನ್ನ ಇನ್ನೊಂದು ಪರೀಕ್ಷೆಯಾಗಿಬಿಟ್ಟಿತ್ತು. ಅವಳ ಬಾಯಿಂದ ನಾನು ಗ್ಯಾಸ್ ನೋಡುತ್ತಿದ್ದೆ. ಹಾಗೆ ಭರವಸೆ ಕೊಡುವುದನ್ನು ನಿಲ್ಲಿಸಬೇಕೆಂದು ಚಿಕಿತ್ಸಕಿ ನಮ್ಮಿಬ್ಬರನ್ನೂ ಕೂರಿಸಿ ಒಪ್ಪಿಸಿದರು. ಆಮೇಲೆ ನಾನು ಕೇಳಿದಾಗಲೆಲ್ಲ, "ಇದು ನಿಮ್ಮ ಕಾಯಿಲೆ ಕೇಳ್ತಿರೋ ಪ್ರಶ್ನೆ, ನಾನು ಉತ್ತರ ಕೊಡಲ್ಲ, ಬನ್ನಿ ಕಾಫಿ ಕುಡಿಯೋಣ" ಎನ್ನತೊಡಗಿದಳು. ಮೊದಲ ವಾರ ನನಗೆ ಕೆಂಡದಂಥ ಸಿಟ್ಟು ಬರುತ್ತಿತ್ತು. ಆದರೆ ಕಾಫಿ ಕುಡಿಯುತ್ತಿದ್ದೆ.

ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ ರೆಗ್ಯುಲೇಟರ್ ತಿರುಗಿಸಿ, ಒಂದೇ ಸಲ ನೋಡಿ ಹೊರಟೆ. ಚಪ್ಪಲಿ ಮೆಟ್ಟುವಾಗ ಸಂದೇಹ ಬಂತು, ಅಡುಗೆಮನೆಯ ಹೊಸ್ತಿಲವರೆಗೆ ವಾಪಸು ಹೋದದ್ದೂ ನಿಜ. ಒಳಗೆ ಹೋಗಲಿಲ್ಲ. ಮೊದಲ ಅವಧಿಯ ಪಾಠದ ನಡುವೆ ಅದು ಇನ್ನೆರಡು ಸಲ ಬಂದಿತ್ತು, ಮೂರನೆಯ ಅವಧಿಯಲ್ಲಿ ಬಂದಿತ್ತೋ ಇಲ್ಲವೋ ನೆನಪಿಲ್ಲ.