48 ಮರದ ಇಟ್ಟಿಗೆ, ಮೂರು ಜೋಡಿ ಕೈ

ವಾರ 1

ಮಗನಿಗೆ ಐದು ವರ್ಷ, ಮಗಳಿಗೆ ಒಂಬತ್ತು. ತಮ್ಮನಿಗೆ ಆಡೋಕೆ ಮರದ ಇಟ್ಟಿಗೆ ಮಾಡಿಕೊಡಬೇಕು ಅಂತ ಹಟ ಹಿಡಿದಿದ್ದು ಮಗಳೇ. ನಾನೇ ಮಾಡಲು ಕೂತರೆ ಎರಡು ರಜಾ ದಿನದಲ್ಲಿ ಮುಗಿಯುವ ಕೆಲಸ. ಆದರೆ ಗರಗಸ ಅವಳ ಕೈಯಲ್ಲೇ ಇರಬೇಕು ಅನ್ನುವುದು ನನ್ನ ಆಸೆ. ಹಾಗಾಗಿ ಎಷ್ಟು ದಿನ ಹಿಡಿದರೂ ಹಿಡಿಯಲಿ ಅಂತ ಶುರು ಮಾಡಿದೆವು.

ಅಳತೆಗೆ ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ. ಕ್ಯಾರೊಲಿನ್ ಪ್ರ್ಯಾಟ್ ಅನ್ನುವ ಶಿಕ್ಷಕಿ 1914ರಲ್ಲಿ ನ್ಯೂಯಾರ್ಕ್‌ನಲ್ಲಿ ಪುಟ್ಟ ಮಕ್ಕಳಿಗೆ ಒಂದು ಶಾಲೆ ತೆರೆದರು. ಮರಗೆಲಸವನ್ನೂ ಬಲ್ಲವರು ಅವರು. ಮಕ್ಕಳ ಆಟಕ್ಕೆ ಅವರು ರೂಪಿಸಿದ ಇಟ್ಟಿಗೆಯ ಲೆಕ್ಕ ತುಂಬಾ ಸರಳ: ದಪ್ಪ ಒಂದು ಪಾಲು, ಅಗಲ ಎರಡು ಪಾಲು, ಉದ್ದ ನಾಲ್ಕು ಪಾಲು. ಇವತ್ತಿಗೂ ಎಷ್ಟೋ ಶಾಲೆಗಳಲ್ಲಿ ಇರುವುದು ಅದೇ ಲೆಕ್ಕದ ಇಟ್ಟಿಗೆ. ನಮ್ಮದು 35, 70, 140 ಮಿಲಿಮೀಟರ್. ಅದಕ್ಕೆ ಒಂಟಿ ಅಂತ ಹೆಸರು. ಎರಡು ಅರ್ಧ ಸೇರಿದರೆ ಒಂದು ಒಂಟಿ, ಎರಡು ಒಂಟಿ ಸೇರಿದರೆ ಒಂದು ಜೋಡಿ, ಎರಡು ಜೋಡಿ ಸೇರಿದರೆ ಒಂದು ಉದ್ದನೆಯದು. ಈ ಹೆಸರುಗಳನ್ನು ಇಟ್ಟಿದ್ದು ಮಗಳು.

ಅವಳೇ ಗೋಡೆಗೆ ಪಟ್ಟಿ ಅಂಟಿಸಿದಳು. ಅರ್ಧ 12, ಒಂಟಿ 24, ಜೋಡಿ 8, ಉದ್ದನೆಯದು 4. ಒಟ್ಟು 48. ಅಷ್ಟಕ್ಕೂ ಸೇರಿ 8 ಮೀಟರ್ 68 ಸೆಂಟಿಮೀಟರ್ ಮರ ಬೇಕು. 2.4 ಮೀಟರ್ ಉದ್ದದ ನಾಲ್ಕು ಪೈನ್ ಪಟ್ಟಿ ತಂದೆ. ಬೀಚ್ ಅನ್ನುವ ಗಟ್ಟಿ ಮರ ಆಗಿದ್ದರೆ ಇಟ್ಟಿಗೆಗೆ ಇನ್ನೂ ತೂಕ ಬರುತ್ತಿತ್ತು, ಗೋಪುರ ಇನ್ನೂ ಗಟ್ಟಿಯಾಗಿ ನಿಲ್ಲುತ್ತಿತ್ತು. ಆದರೆ ಒಂಬತ್ತು ವರ್ಷದ ತೋಳಿಗೆ 48 ಸಲ ಬೀಚ್ ಕೊಯ್ಯುವುದು ಜಾಸ್ತಿ ಆಯಿತು ಅನ್ನಿಸಿತು. ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡುವ ಎಂ.ಡಿ.ಎಫ್ ಹಲಗೆಯನ್ನು ಮಾತ್ರ ಮಕ್ಕಳ ಕೆಲಸಕ್ಕೆ ನಾನು ಮುಟ್ಟುವುದಿಲ್ಲ. ಅದರ ಪುಡಿ ತೀರಾ ನುಣುಪು, ಜೊತೆಗೆ ಅಂಟು ಬೇರೆ ಸೇರಿರುತ್ತದೆ.

ವಾರ 2

ಮೊದಲು ಗರಗಸದ ವಿಷಯ. ಮಗಳಿಗೆ ಕೊಟ್ಟಿರುವುದು ಎಳೆದು ಕೊಯ್ಯುವ ಜಪಾನಿ ಗರಗಸ. ಒತ್ತಿ ಕೊಯ್ಯುವ ಗರಗಸದ ಅಲಗು ಬಾಗದೆ ಇರಬೇಕಾದರೆ ದಪ್ಪ ಇರಲೇಬೇಕು. ಎಳೆದು ಕೊಯ್ಯುವಾಗ ಅಲಗು ತಾನೇ ಬಿಗಿಯಾಗುತ್ತದೆ. ಹಾಗಾಗಿ ತೆಳ್ಳಗಿದ್ದರೂ ನಡೆಯುತ್ತದೆ, ಕಡಿಮೆ ಮರ ತಿನ್ನುತ್ತದೆ, ಕೈಗೂ ಹಗುರ. ನನಗೆ ಇದರಲ್ಲಿ ತುಂಬಾ ಇಷ್ಟ ಅದರ ಉದ್ದನೆಯ ಹಿಡಿ. ಎರಡೂ ಕೈಯಲ್ಲಿ ಹಿಡಿಯಬಹುದು.

ನಮ್ಮ ಮನೆಯ ಒಂದೇ ಒಂದು ಕಟ್ಟುನಿಟ್ಟಿನ ನಿಯಮವೂ ಅದೇ. ಮರ ಅಲುಗದ ಹಾಗೆ ಬಿಗಿಹಿಡಿಯುವ ಕ್ಲಾಂಪ್‌ನಲ್ಲಿ, ಎರಡೂ ಕೈ ಹಿಡಿಯ ಮೇಲೆ. ಹಲ್ಲಿನ ಹತ್ತಿರ ಕೈಯೇ ಇಲ್ಲ ಅಂದಮೇಲೆ ಅರ್ಧ ಭಯ ಹೋದ ಹಾಗೆ. ಕನ್ನಡಕ ಹಾಕಿಕೊಳ್ಳುವುದು, ಕೂದಲು ಕಟ್ಟುವುದು ಈಗ ಹೇಳದೇ ಆಗುತ್ತಿದೆ.

ಮೇಜು ಅವಳಿಗೆ ಎತ್ತರ ಆಗುತ್ತಿತ್ತು. ತೋಳು ಇಳಿಬಿಟ್ಟು ನಿಂತರೆ ಮಣಿಕಟ್ಟಿನ ಮಟ್ಟಕ್ಕೆ ಮೇಜು ಬಂದರೆ ಮಗುವಿಗೆ ಸರಿ. ಕಾಲ ಕೆಳಗೆ ಅಗಲವಾದ ಹಲಗೆಗಳನ್ನು ಜೋಡಿಸಿ ಮೊಳೆ ಹೊಡೆದು ಕೊಟ್ಟೆ. ಮೊದಲ ಕೊಯ್ತಕ್ಕೂ ಆಮೇಲಿನ ಕೊಯ್ತಕ್ಕೂ ಎಷ್ಟು ವ್ಯತ್ಯಾಸ! ಭುಜ ಕಿವಿಗೆ ತಾಗುವ ಹಾಗೆ ಎತ್ತಿಕೊಂಡು ಎಳೆಯುತ್ತಿದ್ದವಳು ಈಗ ಆರಾಮಾಗಿ ನಿಂತು ಎಳೆಯುತ್ತಾಳೆ.

ಅಭ್ಯಾಸಕ್ಕೆ ಅಂತ ಒಂದು ಚೂರು ಕೊಟ್ಟಿದ್ದೆ. ಗೆರೆ ಬಿಟ್ಟು ಗರಗಸ ಎಡಕ್ಕೆ ಹೋಯಿತು. ನನ್ನ ಕೈ ತಾನಾಗಿಯೇ ಮುಂದೆ ಹೋಯಿತು, ವಾಪಸ್ ಎಳೆದುಕೊಂಡೆ. ಸ್ವೀಡನ್ನಿನ ನ್ಯಾಸ್‌ನಲ್ಲಿ 1870ರ ದಶಕದಿಂದ ಶಿಕ್ಷಕರಿಗೆ ಮರಗೆಲಸದ ಪಾಠ ಹೇಳಿಕೊಟ್ಟ ಒಟ್ಟೊ ಸಾಲೊಮನ್, ಮಗು ಮಾಡುತ್ತಿರುವ ವಸ್ತುವಿಗೆ ಶಿಕ್ಷಕ ಕೈ ಹಚ್ಚಬಾರದು ಅನ್ನುತ್ತಿದ್ದರು. ಬೇಕಿದ್ದರೆ ಬೇರೆ ತುಂಡಿನ ಮೇಲೆ ಮಾಡಿ ತೋರಿಸು, ಅವರ ತುಂಡು ಅವರದೇ ಇರಲಿ. ಓದುವಾಗ ಸುಲಭ ಅನ್ನಿಸಿತ್ತು. ಪಕ್ಕದಲ್ಲಿ ನಿಂತು ನೋಡುವಾಗ ನಿಜಕ್ಕೂ ಕಷ್ಟ. ನಾನು ಇನ್ನೊಂದು ಚೂರು ತೆಗೆದುಕೊಂಡು ಪಕ್ಕದಲ್ಲೇ ಕೊಯ್ದೆ. ಅವಳು ನನ್ನ ಮೊಣಕೈ ನೋಡುತ್ತಿದ್ದಳು. ಆಮೇಲೆ ಏನೂ ಹೇಳದೆ ತನ್ನ ಕಾಲು ಸ್ವಲ್ಪ ಹಿಂದಕ್ಕೆ ಇಟ್ಟಳು. ಮೊಣಕೈ, ಗರಗಸ, ಗೆರೆ ಮೂರೂ ಒಂದೇ ಸಾಲಿಗೆ ಬಂದವು. ಗೆರೆ ಸಿಕ್ಕಿತು.

ವಾರ 3

ಈ ವಾರ ನನ್ನದೇ ತಪ್ಪಿನಿಂದ ನಾಲ್ಕು ಇಟ್ಟಿಗೆ ಹಾಳು.

ಪಟ್ಟಿಯ ಮೇಲೆ 140, 280, 420, 560 ಅಂತ ಒಟ್ಟಿಗೆ ಗೆರೆ ಹಾಕಿಕೊಟ್ಟಿದ್ದೆ. ಅವಳು ಗೆರೆಯ ನಟ್ಟನಡುವೆ ಚೆಂದ ಕೊಯ್ದಳು. ನಾಲ್ಕನ್ನೂ ಸಾಲಾಗಿ ಇಟ್ಟು, ಬೇರೆ ಕೊಯ್ದಿದ್ದ ಒಂದು ಉದ್ದನೆಯ ಇಟ್ಟಿಗೆಯನ್ನು ಪಕ್ಕದಲ್ಲಿ ಇಟ್ಟಳು.

"ಅಮ್ಮಾ, ಇದು ಸರಿ ಕೂರ್ತಾ ಇಲ್ಲ. ನಾನು ಗೆರೆ ಮೇಲೇ ಕೊಯ್ದೆ."

ಮೂರೂವರೆ ಮಿಲಿಮೀಟರ್ ಕಡಿಮೆ. ಗರಗಸ ತಿನ್ನುವ ಅಗಲವನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ನಮ್ಮ ಗರಗಸ ಸುಮಾರು ಒಂದು ಮಿಲಿಮೀಟರ್ ಮರವನ್ನು ಪುಡಿ ಮಾಡುತ್ತದೆ. ಮೊದಲ ಇಟ್ಟಿಗೆಗೆ ಒಂದೇ ಕಡೆ ಅರ್ಧ ಮಿಲಿಮೀಟರ್ ಹೋಯಿತು. ಉಳಿದ ಮೂರಕ್ಕೆ ಎರಡೂ ಕಡೆ ಅರ್ಧರ್ಧ. ಕಪಾಟು ಮಾಡುವಾಗ ಇಷ್ಟು ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ. ಇಟ್ಟಿಗೆಯಲ್ಲಿ ಬೀಳುತ್ತದೆ, ಯಾಕೆಂದರೆ ಒಂದರ ಮೇಲೊಂದು ಇಡುತ್ತಾ ಹೋದ ಹಾಗೆ ತಪ್ಪೂ ಬೆಳೆಯುತ್ತದೆ.

"ನಿನ್ನ ಕೊಯ್ತ ಸರಿಯಾಗೇ ಇದೆ ಪುಟ್ಟಾ, ಗೆರೆ ಹಾಕಿದ್ದು ನಾನು ತಪ್ಪು" ಅಂತ ಹೇಳಿದೆ. ಅವಳು ಪುಡಿಯನ್ನು ಬೆರಳಲ್ಲಿ ಎತ್ತಿಕೊಂಡು, "ಹಾಗಾದ್ರೆ ನಮ್ಮ ಮೂರೂವರೆ ಮಿಲಿಮೀಟರ್ ಇಲ್ಲಿದೆ" ಅಂದಳು. ಅಷ್ಟು ಸಾಕಿತ್ತು ನನಗೆ.

ಈಗ ಗೆರೆ ಹಾಕುವುದನ್ನೇ ಬಿಟ್ಟಿದ್ದೇವೆ. ಗರಗಸ ನೇರ ಹೋಗಲಿ ಅಂತ ಸೀಳು ಇರುವ ಮೈಟರ್ ಬಾಕ್ಸ್‌ಗೆ ಒಂದು ತಡೆ ಕಟ್ಟಿದೆವು. ಗರಗಸದ ಸೀಳಿನಿಂದ ಸರಿಯಾಗಿ 140 ಮಿಲಿಮೀಟರ್ ದೂರಕ್ಕೆ ಒಂದು ಮರದ ತುಂಡು, ಅಷ್ಟೇ. ಪಟ್ಟಿಯ ತುದಿ ಅದಕ್ಕೆ ತಾಗುವ ತನಕ ತಳ್ಳು, ಕ್ಲಾಂಪ್ ಬಿಗಿ ಮಾಡು, ಕೊಯ್ಯಿ. ಅಳೆಯುವ ಕೆಲಸ ಒಂದೇ ಸಲ.

ಹಾಳಾದ ನಾಲ್ಕು ಇಟ್ಟಿಗೆಯನ್ನು 70ಕ್ಕೆ ಕೊಯ್ದು ನಾಲ್ಕು ಅರ್ಧ ಇಟ್ಟಿಗೆ ಮಾಡಿಕೊಂಡೆವು. ಉಳಿದ 68ರ ಚೂರುಗಳು ತಮ್ಮನ ಪಾಲು. ಅವನು ಅವಕ್ಕೆ ಕಣ್ಣು ಬರೆದು ಕಿಟಕಿ ಮೇಲೆ ಸಾಲಾಗಿ ಕೂರಿಸಿದ್ದಾನೆ.

ವಾರ 4

ಒಂಟಿ 11 ಆದವು. ಹನ್ನೆರಡನೆಯದು ಒಂದು ಕೂದಲೆಳೆಯಷ್ಟು ಗಿಡ್ಡ. ತಡೆ ಅಲುಗಿಲ್ಲ, ಕ್ಲಾಂಪ್ ಬಿಗಿಯಾಗೇ ಇದೆ. ಇಬ್ಬರೂ ತುಂಬಾ ಹೊತ್ತು ಹುಡುಕಿದೆವು. ಕೊನೆಗೆ ಮಗಳು ಬಗ್ಗಿ ಟಾರ್ಚ್ ಬಿಟ್ಟು ನೋಡಿದಳು. ತಡೆಗೂ ಪಟ್ಟಿಯ ತುದಿಗೂ ನಡುವೆ ಮರದ ಪುಡಿ ಅಮುಕಿ ಕೂತಿತ್ತು! ಪುಡಿ ಎಷ್ಟು ದಪ್ಪವೋ ಇಟ್ಟಿಗೆ ಅಷ್ಟು ಗಿಡ್ಡ. ತಡೆಯ ಕೆಳಗಿನ ಅಂಚನ್ನು ಉಳಿಯಲ್ಲಿ ಓರೆಯಾಗಿ ಸವರಿ ತೆಗೆದೆ. ಈಗ ಪುಡಿ ಆ ಸಂದಿಗೆ ಬೀಳುತ್ತದೆ, ತುದಿ ಸರಿಯಾಗಿ ತಾಗುತ್ತದೆ.

ವಾರ 5

ಇಟ್ಟಿಗೆ ಕೆಲಸ ನಿಂತಿದೆ. ಕಾರಣ ಒಂದು ಉಜ್ಜುಗೊರಡು, ಅಂದರೆ ಮರದ ಮೇಲ್ಮೈಯನ್ನು ತೆಳುವಾಗಿ ಹೆರೆದು ನುಣ್ಣಗೆ ಮಾಡುವ ಉಪಕರಣ. ಹಳೇ ಸಾಮಾನಿನ ನಡುವೆ ಸಿಕ್ಕಿದ್ದು. ಮೈತುಂಬಾ ತುಕ್ಕು, ಹಿಡಿಯ ಮರ ಮಾತ್ರ ಗಟ್ಟಿ. ಯಾರದೋ ಅಂಗೈ ವರ್ಷಗಟ್ಟಲೆ ಸವೆಸಿ ಸವೆಸಿ ಆ ಹಿಡಿ ನುಣ್ಣಗಾಗಿದೆ. ಅದನ್ನು ಕೈಗೆ ತೆಗೆದುಕೊಂಡ ಮೇಲೆ ಬಿಟ್ಟು ಬರೋಕೆ ನನ್ನಿಂದ ಆಗಲಿಲ್ಲ.

ಇದು ಬೈಲಿ ಮಾದರಿ. ಲಿಯೊನಾರ್ಡ್ ಬೈಲಿ ಅನ್ನುವವರು ರೂಪಿಸಿದ ಜೋಡಣೆ, 1869ರಲ್ಲಿ ಉಪಕರಣ ತಯಾರಿಸುವ ಸ್ಟ್ಯಾನ್ಲಿ ಕಂಪನಿ ಕೊಂಡುಕೊಂಡಿತು. ಹಿಂದಿರುವ ಹಿತ್ತಾಳೆ ಚಕ್ರ ತಿರುಗಿಸಿದರೆ ಅಲಗು ಕೂದಲೆಳೆಯಷ್ಟು ಮುಂದೆ, ಕೂದಲೆಳೆಯಷ್ಟು ಹಿಂದೆ. ಅದಕ್ಕೆ ಮುಂಚೆ ಸಾಮಾನ್ಯವಾಗಿ ಸುತ್ತಿಗೆಯಲ್ಲಿ ತಟ್ಟಿ ತಟ್ಟಿಯೇ ಸರಿ ಮಾಡಬೇಕಿತ್ತು. ಇವತ್ತು ತಯಾರಾಗುವ ಕಬ್ಬಿಣದ ಉಜ್ಜುಗೊರಡುಗಳಲ್ಲೂ ಹೆಚ್ಚಿನವು ಇದೇ ದಾರಿಯವು.

ಎಲ್ಲಾ ಬಿಚ್ಚಿ, ಕಬ್ಬಿಣದ ಭಾಗಗಳನ್ನು ರಾತ್ರಿ ಇಡೀ ವಿನೆಗರ್‌ನಲ್ಲಿ ನೆನೆಹಾಕಿದೆವು. ಬೆಳಿಗ್ಗೆ ಮಗ ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿದ. ತುಕ್ಕು ಕಪ್ಪು ನೀರಾಗಿ ಇಳಿಯಿತು. ಸೋಡಾ ಪುಡಿ ಕಲಸಿದ ನೀರಲ್ಲಿ ತೊಳೆದು, ತಕ್ಷಣ ಒರೆಸಿ, ಎಣ್ಣೆ ಸವರಿದೆವು. ಸ್ವಲ್ಪ ಹೊತ್ತು ಹಸಿ ಬಿಟ್ಟರೂ ಹೊಸ ತುಕ್ಕು ಹಿಡಿಯುತ್ತದೆ.

ಆಮೇಲೆ ತಳ. ದಪ್ಪ ಗಾಜಿನ ಮೇಲೆ 80ರ ಸ್ಯಾಂಡ್‌ಪೇಪರ್ (ಸಂಖ್ಯೆ ಹೆಚ್ಚಿದಷ್ಟೂ ನುಣುಪು) ಅಂಟಿಸಿ, ತಳದ ತುಂಬಾ ಮಾರ್ಕರ್ ಪೆನ್ನಿನಲ್ಲಿ ಅಡ್ಡ ಗೆರೆ ಎಳೆದು, ಉಜ್ಜುವುದು. ಗೆರೆ ಅಳಿಸಿದಲ್ಲಿ ಎತ್ತರ, ಉಳಿದಲ್ಲಿ ತಗ್ಗು. ಮಗಳಿಗೆ ಈ ಉಪಾಯ ಎಷ್ಟು ಹಿಡಿಸಿತು ಅಂದರೆ ಮೂರು ಸಂಜೆ ಅದನ್ನೇ ಮಾಡಿದಳು. ಅಲಗು ಹೊರಬರುವ ಬಾಯಿಯ ಮುಂದೆ ಒಂದು ಗೆರೆ ಎರಡು ದಿನ ಅಳಿಸಲೇ ಇಲ್ಲ. ಅದು ಹೋದ ದಿನ ಮನೆಯಲ್ಲಿ ದೊಡ್ಡ ಕೂಗು.

ಅಲಗು ಮಸೆದಿದ್ದು ನಾನು. ಸಾಣೆ ಹಿಡಿಯುವ ಕೆಲಸ ನನಗೆ ಯಾವಾಗಲೂ ಪ್ರೀತಿಯದು. ಮೊದಲು ಅಲಗಿನ ಬೆನ್ನು ಕನ್ನಡಿಯ ಹಾಗೆ ಸಪಾಟಾಗಬೇಕು. ಅಲಗಿನ ಅಂಚು ಎಷ್ಟೇ ಮಸೆದರೂ ಬೆನ್ನು ಸರಿ ಇಲ್ಲದಿದ್ದರೆ ಹರಿತ ಬರುವುದಿಲ್ಲ. ಆಮೇಲೆ 25 ಡಿಗ್ರಿ ಓರೆಯಲ್ಲಿ 1000ದ ಕಲ್ಲು, ತುದಿಗೆ ಮಾತ್ರ 30 ಡಿಗ್ರಿಯಲ್ಲಿ 6000ದ ಕಲ್ಲು. ಮಸೆಯುತ್ತಾ ಹೋದರೆ ಹಿಂಬದಿಯಲ್ಲಿ ಒಂದು ಸಣ್ಣ ಒರಟು ಏಳುತ್ತದೆ. ಬೆನ್ನಿನಿಂದ ತುದಿಯ ಕಡೆಗೆ ಬೆರಳು ಸವರಿದರೆ ಗೊತ್ತಾಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಆ ಒರಟು ಈ ತುದಿಯಿಂದ ಆ ತುದಿಯವರೆಗೆ ಬಂತು ಅಂದರೆ ಅಂಚು ಪೂರ್ತಿ ಕಲ್ಲಿಗೆ ತಾಗಿದೆ ಅಂತ ಅರ್ಥ.

ಮಕ್ಕಳ ಕೈಗೆ ಮೊಂಡು ಉಪಕರಣ ಕೊಟ್ಟರೆ ಕ್ಷೇಮ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ನಾನು ಒಪ್ಪುವುದಿಲ್ಲ. ಮೊಂಡಾದದ್ದನ್ನು ಬಲ ಹಾಕಿ ತಳ್ಳಬೇಕು, ಬಲ ಹಾಕಿದಾಗಲೇ ಜಾರುವುದು. ಹರಿತ ಇದ್ದರೆ ಮರ ತಾನೇ ಬಿಟ್ಟುಕೊಡುತ್ತದೆ.

ಮೊದಲ ಸಲ ಮಗಳು ಉಜ್ಜುಗೊರಡು ತಳ್ಳಿದಾಗ ಅದು ಕಚ್ಚಿ ನಿಂತಿತು, ಮರ ಕಿತ್ತು ಬಂತು. ಪಟ್ಟಿಯ ಪಕ್ಕ ನೋಡು, ಮರದ ಎಳೆ ಯಾವ ಕಡೆ ಮೇಲೆ ಹತ್ತುತ್ತಿದೆ ಅಂತ ಕೇಳಿದೆ. ನೋಡಿದಳು, ಪಟ್ಟಿ ತಿರುಗಿಸಿ ಇಟ್ಟಳು. "ತಲೆ ಬಾಚೋ ಹಾಗೆ ಅಲ್ವಾ ಅಮ್ಮಾ? ಬುಡದಿಂದ ತುದಿಗೆ ಬಾಚಿದ್ರೆ ನೋವಾಗಲ್ಲ." ಈ ಸಲ ಸರ್ರ್ ಅಂತ ಸದ್ದು. ಉಜ್ಜುಗೊರಡಿನ ಬಾಯಿಂದ ಒಂದು ಸುರುಳಿ ಎದ್ದು ಬಂತು, ಅವಳ ಮಣಿಕಟ್ಟಿನ ಮೇಲೆ ಬಿತ್ತು. ಕಿಟಕಿಗೆ ಹಿಡಿದರೆ ಅದರಾಚೆಗಿನ ಬೆರಳು ಕಾಣುತ್ತಿತ್ತು. ತಮ್ಮ ಆ ಸುರುಳಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಓಡಾಡಿದ.

ವಾರ 6

ಒಂಟಿ 24 ಮುಗಿದವು. ಅರ್ಧ 12 ಕೂಡ. ಹೇಳುವಂಥದ್ದು ಏನೂ ಇಲ್ಲ, ಸುಮ್ನೆ ಕೊಯ್ದೆವು.

ವಾರ 7

ತಮ್ಮನ ವಾರ. ಪ್ರತಿ ಇಟ್ಟಿಗೆಗೂ 12 ಅಂಚು, 48 ಇಟ್ಟಿಗೆಗೆ 576. ಅಷ್ಟೂ ಅಂಚಿನ ಚೂಪು ಮುರಿಯುವುದು ಅವನ ಕೆಲಸ. ಐದು ವರ್ಷದ ಕೈಯಲ್ಲಿ ಸ್ಯಾಂಡ್‌ಪೇಪರ್ ನಿಲ್ಲುವುದಿಲ್ಲ, ಮುದುಡಿ ಹೋಗುತ್ತದೆ. ಅದಕ್ಕೆ ಪೇಪರನ್ನೇ ಹಲಗೆಗೆ ಅಂಟಿಸಿ, ಹಲಗೆಯನ್ನು ಮೇಜಿಗೆ ಬಿಗಿದೆ. ಇಟ್ಟಿಗೆಯನ್ನು ಓರೆಯಾಗಿ ಹಿಡಿದು ಅದರ ಮೇಲೆ ಎಳೆಯುತ್ತಾನೆ. 120ರಲ್ಲಿ ಐದು ಸಲ, 180ರಲ್ಲಿ ಐದು ಸಲ, ಬಾಯಲ್ಲಿ ಎಣಿಸಿಕೊಂಡೇ. ಆದಮೇಲೆ ಕೆನ್ನೆಗೆ ಉಜ್ಜಿ ನೋಡುತ್ತಾನೆ. ಇದನ್ನು ನಾನು ಹೇಳಿಕೊಟ್ಟಿಲ್ಲ. ಕೆನ್ನೆ ಒಪ್ಪದಿದ್ದರೆ ವಾಪಸ್ ಹಲಗೆಗೆ. ಅಕ್ಕ ಪಾಸು ಮಾಡಿದ ಎರಡು ಇಟ್ಟಿಗೆಯನ್ನು ಅವನು ಫೇಲು ಮಾಡಿದ. ನಾನು ಮುಟ್ಟಿ ನೋಡಿದೆ, ಅವನದೇ ಸರಿ.

ಉಜ್ಜುವ ದಿನ ಮೂವರಿಗೂ ಮಾಸ್ಕ್. ಮರದ ಪುಡಿಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ವರ್ಷಗಟ್ಟಲೆ ಅದೇ ಪುಡಿಯಲ್ಲಿ ಕೆಲಸ ಮಾಡುವವರಲ್ಲಿ ಕಂಡುಬಂದದ್ದು ನಿಜ, ಆದರೂ ಅಭ್ಯಾಸ ಚಿಕ್ಕಂದಿನಿಂದಲೇ ಬರಲಿ. ಆಮೇಲೆ ಪೊರಕೆ ಹಾಕುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸುತ್ತೇವೆ.

ವಾರ 8

ಜೋಡಿ 8, ಉದ್ದನೆಯದು 4 ಆದವು. ಕೊಯ್ಯುವ ಕೆಲಸ ಮುಗಿಯಿತು.

ಬಣ್ಣ ಬೇಡ ಅಂತ ಮೂವರೂ ಒಪ್ಪಿದೆವು. ಒದ್ದೆ ಬಟ್ಟೆಯಲ್ಲಿ ಇಟ್ಟಿಗೆಗಳನ್ನು ಒಮ್ಮೆ ಒರೆಸಿ ಒಣಗಲು ಬಿಟ್ಟೆವು. ನೀರು ತಾಗಿದರೆ ಮಲಗಿದ್ದ ಸಣ್ಣ ನಾರೆಲ್ಲ ಎದ್ದು ನಿಲ್ಲುತ್ತದೆ. ಒಣಗಿದ ಮೇಲೆ 220ರಲ್ಲಿ ಮೆಲ್ಲಗೆ ಸವರಿದರೆ ಅದು ಹೋಗುತ್ತದೆ. ಆಮೇಲೆ ಬೆವರಿನ ಕೈ ಮುಟ್ಟಿದರೂ ಅಷ್ಟಾಗಿ ಒರಟಾಗುವುದಿಲ್ಲ.

ನಿನ್ನೆ ಸಂಜೆ ಮಗಳು ನಾಲ್ಕು ಒಂಟಿ ಇಟ್ಟಿಗೆ ಸಾಲಾಗಿಟ್ಟು, ಪಕ್ಕಕ್ಕೆ ಒಂದು ಉದ್ದನೆಯದನ್ನು ತಂದಿಟ್ಟಳು. ಮೂರನೇ ವಾರ ಮಾಡಿದ ಹಾಗೇ. ತಮ್ಮನನ್ನು ಕರೆದು, ಕಣ್ಣು ಮುಚ್ಚಿಕೊಂಡು ತುದಿಯ ಮೇಲೆ ಬೆರಳು ಸವರು ಅಂದಳು. ಅವನು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಸವರಿದ.

"ಅಕ್ಕಾ, ಎಲ್ಲಿ ಮುಗೀತು?"

ಅವಳು ನನ್ನ ಕಡೆ ನೋಡಿದಳು, ಏನೂ ಹೇಳಲಿಲ್ಲ. ಗೋಡೆಯ ಪಟ್ಟಿಯಲ್ಲಿ ಉದ್ದನೆಯದರ ಮುಂದೆ ಟಿಕ್ ಹಾಕಿದಳು.

ಇನ್ನು 9 ಇಟ್ಟಿಗೆಯ ಅಂಚು ಬಾಕಿ ಇದೆ, ತಮ್ಮನ ಕೆನ್ನೆ ಒಪ್ಪಬೇಕು. ಉಳಿದ ಮರದ ಪಟ್ಟಿಯ ಮೇಲೆ ಮಗಳು ಆಗಲೇ ಮೂಲೆಮಟ್ಟ ಇಟ್ಟು ಗೆರೆ ಹಾಕಿದ್ದಾಳೆ, ಉಜ್ಜುಗೊರಡು ಇಡೋಕೆ ಒಂದು ಪೆಟ್ಟಿಗೆ ಬೇಕಂತೆ. ಪ್ರತಿ ಗೆರೆಯ ಪಕ್ಕದಲ್ಲೂ ಗರಗಸಕ್ಕೆ ಅಂತ ಒಂದು ಮಿಲಿಮೀಟರ್ ಬಿಟ್ಟಿದ್ದಾಳೆ.