ಅಂಡಲೂಸಿಯಾಗೆ ಹೋಗೋರು ಆಂತೆಕೇರಾ ಬಿಡ್ಬೇಡಿ, ಆದ್ರೆ ಸ್ಟೇಷನ್ ಹೆಸರು ನೋಡ್ಕೊಂಡು ಟಿಕೆಟ್ ಮಾಡಿ

ಸ್ಪೇನಿನ ದಕ್ಷಿಣಕ್ಕೆ ಹೋಗ್ತೀನಿ ಅಂದ್ರೆ ಎಲ್ಲರೂ ಸೆವಿಯಾ, ಕೋರ್ದೊಬಾ, ಗ್ರನಾಡಾ ಅಂತ ಮೂರು ಹೆಸರು ಹೇಳಿ ಕೈ ತೊಳ್ಕೊಳ್ತಾರೆ. ಆ ಮೂರೂ ನೋಡಿದ್ವಿ, ಚೆನ್ನಾಗೇ ಇದೆ, ಆದ್ರೆ ಸೆವಿಯಾ ಬಗ್ಗೆ ನಾನೇನೂ ಬರೆಯಲ್ಲ, ಯೂಟ್ಯೂಬ್ ತುಂಬ ಅದೇ ಇದೆ, ಮತ್ತೆ ಅಲ್ಲಿನ ಕ್ಯೂ ನೆನೆಸ್ಕೊಂಡ್ರೆ ಈಗ್ಲೂ ಕಾಲು ನೋಯುತ್ತೆ. ಈ ಮೂರು ಊರಿನ ಮಧ್ಯದಲ್ಲಿ ಆಂತೆಕೇರಾ ಅಂತ ಒಂದು ಊರಿದೆ, ಅದರ ಬಗ್ಗೆ ಹೇಳ್ಬೇಕು. ಜನಜಂಗುಳಿ ಅಂದ್ರೆ ಆಗದೇ ಇರೋರಿಗೆ ಮಾತ್ರ ಈ ಪೋಸ್ಟ್. ರಾತ್ರಿ ಹನ್ನೆರಡಕ್ಕೂ ಗಿಜಿಗುಡೋ ರೋಡ್ ಇಷ್ಟ ಅನ್ನೋರು ಸೆವಿಯಾದಲ್ಲೇ ಇದ್ದುಬಿಡಿ.

ಮೊದಲು ಸ್ಟೇಷನ್ ವಿಷಯ. ಆಂತೆಕೇರಾ ಹೆಸರಲ್ಲಿ ಹೈಸ್ಪೀಡ್ ಸ್ಟೇಷನ್ ಎರಡಿದೆ. ಒಂದು ಊರೊಳಗೇ ಇದೆ, ಅದು ಆಂತೆಕೇರಾ ಎವಿ, ಗ್ರನಾಡಾ ಲೈನಿನ ಮೇಲೆ ಬರುತ್ತೆ. ಇನ್ನೊಂದು ಆಂತೆಕೇರಾ ಸಾಂತಾ ಆನಾ, ಊರಿಂದ ಹೆಚ್ಚುಕಮ್ಮಿ 17 ಕಿಲೋಮೀಟರ್ ಆಚೆ, ಸುತ್ತ ಹೊಲ ಮತ್ತು ಆಲಿವ್ ತೋಟ, ಬೇರೆ ಏನೂ ಇಲ್ಲ. ಮಾಲಗಾ ಕಡೆ ಹೋಗೋ ಟ್ರೇನುಗಳು ಈ ಸಾಂತಾ ಆನಾದಲ್ಲಿ ನಿಲ್ಲುತ್ತೆ. ಕೋರ್ದೊಬಾದಿಂದ ನಮಗೆ ಹೊಂದೋ ಟೈಮಿಗೆ ಇದ್ದಿದ್ದು ಆ ಟ್ರೇನೇ, ಇಳಿದ್ರೆ ಹೊರಗಡೆ ಬಸ್ಸೂ ಇಲ್ಲ, ಇದ್ದಿದ್ದು ಒಂದೇ ಟ್ಯಾಕ್ಸಿ. ಮೀಟರ್ ಹಾಕಪ್ಪಾ ಅಂತ ಬೆರಳು ತೋರಿಸಿದ್ರೆ ಆ ಮನುಷ್ಯ ತಲೆ ಅಲ್ಲಾಡಿಸಿ ಫೋನಿನಲ್ಲಿ 45 ಅಂತ ಟೈಪ್ ಮಾಡಿ ತೋರಿಸಿದ. ಯೂರೋ ಸ್ವಾಮಿ, ರೂಪಾಯಿ ಅಲ್ಲ. ಬೆಂಗಳೂರಿಂದ ಬಂದಿದ್ದ ಅಮ್ಮ ಹಿಂದಿನ ಸೀಟಲ್ಲಿ ಕೂತು "ಇಷ್ಟು ದೂರ ಬಂದ್ರೂ ಮೆಜೆಸ್ಟಿಕ್ ಆಟೋನೇ ಗಂಟು ಬಿತ್ತಲ್ಲೋ" ಅಂದ್ರು. ವಾಪಸ್ ಹೋಗುವಾಗ ಹೋಟೆಲಿನವರ ಹತ್ರ ಫೋನ್ ಮಾಡಿಸಿ ಟ್ಯಾಕ್ಸಿ ಕರೆಸಿದ್ವಿ, ಅದೇ ದಾರಿ, ಮೀಟರಲ್ಲಿ 28 ಆಯ್ತು. ಅದಕ್ಕೇ ಹೇಳಿದ್ದು, ಸಾಧ್ಯ ಆದಷ್ಟು ಊರೊಳಗಿನ ಸ್ಟೇಷನ್‌ಗೇ ಟಿಕೆಟ್ ಮಾಡಿ, ಆಗಲ್ಲ ಅಂದ್ರೆ ಉಳ್ಕೊಳ್ಳೋ ಜಾಗದವರಿಗೆ ಹಿಂದಿನ ದಿನವೇ ಮೆಸೇಜ್ ಹಾಕಿ ಟ್ಯಾಕ್ಸಿ ಹೇಳಿಸಿಡಿ.

ಊರಲ್ಲಿ ನೋಡೋದು ಏನು ಅಂತೀರಾ? ಊರ ಅಂಚಲ್ಲೇ ಕಲ್ಲಿನ ಗೋರಿಗಳಿವೆ, ಡಾಲ್ಮೆನ್ ಅಂತಾರೆ. ಮೆಂಗಾ ಮತ್ತು ವಿಯೇರಾ ಪಕ್ಕ ಪಕ್ಕದಲ್ಲಿವೆ, ಮೂರನೇದು ರೊಮೆರಾಲ್, ಸ್ವಲ್ಪ ಆಚೆ. 2016ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದಾಗ ಈ ಮೂರರ ಜೊತೆ ಎರಡು ಬೆಟ್ಟಾನೂ ಸೇರಿಸಿದ್ದಾರೆ, ಯಾಕೆ ಅನ್ನೋದು ಮೆಂಗಾ ಒಳಗೆ ಹೋದ್ಮೇಲೆ ಗೊತ್ತಾಗುತ್ತೆ. ಸುಮಾರು 5,700 ವರ್ಷ ಹಳೇದು. ಹೊರಗಿಂದ ನೋಡಿದ್ರೆ ಹುಲ್ಲು ಬೆಳೆದ ಒಂದು ಗುಡ್ಡೆ ಅಷ್ಟೇ. ಒಳಗೆ ಕಾಲಿಟ್ರೆ ಎರಡೂ ಕಡೆ ಆಳೆತ್ತರಕ್ಕಿಂತ ದೊಡ್ಡ ಚಪ್ಪಡಿಗಳು, ಮೇಲೂ ಚಪ್ಪಡಿ, ಅದ್ರಲ್ಲಿ ಒಂದರ ತೂಕವೇ ಸುಮಾರು 150 ಟನ್. ನಡುವೆ ಸಾಲಾಗಿ ಕಂಬ, ಕೊನೇಲಿ ಆಳವಾದ ಒಂದು ಬಾವಿ, ಅದು 2005ರಲ್ಲಿ ಅಗೆಯುವಾಗ ಸಿಕ್ಕಿದ್ದು. ಬಾವಿ ಹತ್ರ ಹೋಗಿ ಬಾಗಿಲ ಕಡೆ ತಿರುಗಿ ನಿಂತ್ಕೊಳ್ಳಿ. ಬಾಗಿಲ ಚೌಕಟ್ಟಿನಾಚೆ ದೂರದಲ್ಲಿ ಒಂದು ಬಂಡೆ ಬೆಟ್ಟ ಕಾಣುತ್ತೆ, ಹಣೆ, ಮೂಗು, ಗಲ್ಲ ಎಲ್ಲಾ ಇರೋ ಮನುಷ್ಯ ಆಕಾಶ ನೋಡ್ತಾ ಮಲಗಿರೋ ಹಾಗೆ. ಪ್ರೇಮಿಗಳ ಬಂಡೆ ಅಂತ ಅದರ ಹೆಸರು, ಮುಸ್ಲಿಂ ಹುಡುಗಿ ಕ್ರಿಶ್ಚಿಯನ್ ಹುಡುಗ ಮೇಲಿಂದ ಹಾರಿದ್ರು ಅಂತ ಕಥೆ ಹೇಳ್ತಾರೆ. ಮಾಮೂಲಿ ಇಂಥ ಗೋರಿಗಳು ಸೂರ್ಯ ಹುಟ್ಟೋ ದಿಕ್ಕಿಗೆ ಇರುತ್ತಂತೆ, ಪಕ್ಕದ ವಿಯೇರಾ ಹಾಗೇ ಇದೆ, ಆದ್ರೆ ಮೆಂಗಾ ಕಟ್ಟಿದೋರು ಸೂರ್ಯನ್ನ ಬಿಟ್ಟು ಈ ಬೆಟ್ಟದ ಮುಖಕ್ಕೆ ತಿರುಗಿಸಿದ್ದಾರೆ. ರೊಮೆರಾಲ್ ಇನ್ನೊಂದು ಬೆಟ್ಟದ ಕಡೆ, ತೊರ್ಕಾಲ್ ಕಡೆಗೆ. ನಮ್ಮ ಕೊಪ್ಪಳದ ಹಿರೇಬೆಣಕಲ್ ಗುಡ್ಡ ಹತ್ತಿ ಕಲ್ಲುಗೋರಿ ನೋಡಿರೋರಿಗೆ ಇಲ್ಲಿಂದ ಬೇಗ ಹೊರಡೋಕೆ ಮನಸ್ಸಾಗಲ್ಲ. ನಾವಿದ್ದಾಗ ಒಳಗೆ ನಮ್ಮನ್ನ ಬಿಟ್ರೆ ಒಂದು ಸ್ಕೂಲ್ ಟೀಚರ್ ಮತ್ತು ಅವರ ಹಿಂದೆ ಒಂದಷ್ಟು ಮಕ್ಕಳು, ಅಷ್ಟೇ. ಸೋಮವಾರ ಮುಚ್ಚಿರುತ್ತೆ, ನೆನಪಿರ್ಲಿ.

ಇನ್ನು ಊಟ. ಸಸ್ಯಾಹಾರಿಗಳಿಗೆ ಸ್ಪೇನ್ ಕಷ್ಟ ಅಂತ ಹೆದರಿಸ್ತಾರೆ, ಪೂರ್ತಿ ಸುಳ್ಳೇನಲ್ಲ. ವೆಜಿಟೇರಿಯನ್ ಅಂದ್ರೆ ಹಂದಿ ಮಾಂಸ ತೆಗೆದು ಟ್ಯೂನಾ ಮೀನು ಹಾಕಿ ಕೊಡೋರು ಸಿಗ್ತಾರೆ, ಮಿಕ್ಸ್ ಸಲಾಡ್ ಅಂದ್ರೂ ಮೇಲೆ ಟ್ಯೂನಾ ಬರುತ್ತೆ, ಮಾಂಸ ಬೇಡ, ಮೀನು ಬೇಡ, ಹಾಮೋನ್ (ಉಪ್ಪು ಹಾಕಿ ಒಣಗಿಸಿದ ಹಂದಿ ಮಾಂಸ) ಬೇಡ ಅಂತ ಮೂರನ್ನೂ ಬಿಡಿಬಿಡಿಯಾಗಿ ಹೇಳ್ಬೇಕು. ಆದ್ರೆ ಆಂತೆಕೇರಾದಲ್ಲಿ ಮಾರ್ಕೆಟ್ ಹತ್ರ ಗಾಜಿನ ಬಾಗಿಲಿನ ಒಂದು ಚಿಕ್ಕ ಬಾರ್ ಸಿಕ್ತು ನೋಡಿ, ಇಡೀ ಟ್ರಿಪ್ಪಿನ ಪುಣ್ಯ ಅದು. ಅಲ್ಲಿ ಬಾರ್ ಅಂದ್ರೆ ಗಾಬರಿಯಾಗ್ಬೇಡಿ, ಬೆಳಗ್ಗೆ ಅಜ್ಜಂದಿರು ಪೇಪರ್ ಓದ್ತಾ ಕಾಫಿ ಕುಡಿಯೋ ಜಾಗ ಅದು. ಮೊಯೆತೆ ಅಂತ ಈ ಊರಿಂದೇ ಒಂದು ಬನ್ ಇದೆ, ಚಪ್ಪಟೆ, ಮೇಲೆಲ್ಲಾ ಹಿಟ್ಟು ಉದುರಿಸಿರ್ತಾರೆ, ಒಳಗೆ ಬಹಳ ಮೆತ್ತಗೆ. ಅದನ್ನ ಎರಡು ಹೋಳು ಮಾಡಿ ಕಾವಲಿ ಮೇಲೆ ಬಿಸಿ ಮಾಡಿ, ತುರಿದ ಟೊಮ್ಯಾಟೋ ಒಂದು ಬಟ್ಟಲಲ್ಲಿ ಕೊಡ್ತಾರೆ, ಆಲಿವ್ ಎಣ್ಣೆ ಬಾಟ್ಲಿ ಟೇಬಲ್ ಮೇಲೇ ಇರುತ್ತೆ, ನಿಮಗೆಷ್ಟು ಬೇಕೋ ಸುರ್ಕೊಳ್ಳಿ. ಕಾಫಿ ಸೇರಿ ಒಬ್ಬರಿಗೆ ಮೂರು ಯೂರೋ ಸುಮಾರು. ಎಣ್ಣೆ ಹಸಿರು ಹಸಿರಾಗಿ, ಗಂಟಲಲ್ಲಿ ಸ್ವಲ್ಪ ಕಾರ ಹತ್ತುತ್ತೆ, ಅದೇ ತಾಜಾ ಅನ್ನೋದಕ್ಕೆ ಗುರುತು. ಅಮ್ಮ ಮೊದಲ ದಿನ ಸುಮ್ನೆ ತಿಂದ್ರು, ಎರಡನೇ ದಿನ ಬ್ಯಾಗಿಂದ ಚಟ್ನಿಪುಡಿ ಡಬ್ಬಿ ತೆಗೆದು ಎಣ್ಣೆಗೆ ಕಲಸಿ ಹಚ್ಕೊಂಡ್ರು. ಕೌಂಟರ್ ಹಿಂದಿದ್ದ ಆಯಮ್ಮ ಬಂದು ಏನದು ಅಂತ ಬಗ್ಗಿ ನೋಡಿ, ಚೂರು ಬಾಯಿಗೆ ಹಾಕ್ಕೊಂಡು, ಕೆಮ್ಮಿ, ಮತ್ತೆ ಇನ್ನೊಂದು ಚೂರು ಇಸ್ಕೊಂಡ್ರು. ಆಮೇಲೆ ಬಿಲ್ಲಿನಲ್ಲಿ ಅಮ್ಮನ ಕಾಫಿಗೆ ದುಡ್ಡೇ ಹಾಕಿರ್ಲಿಲ್ಲ. ಮಧ್ಯಾಹ್ನಕ್ಕೆ ಪೊರ್ರಾ ಕೇಳಿ, ಟೊಮ್ಯಾಟೋ, ಬ್ರೆಡ್ಡು, ಬೆಳ್ಳುಳ್ಳಿ, ಎಣ್ಣೆ ರುಬ್ಬಿ ತಣ್ಣಗೆ ಗಟ್ಟಿಯಾಗಿ ಕೊಡ್ತಾರೆ, ಮೇಲೆ ಮೊಟ್ಟೆ ಹಾಮೋನ್ ಹಾಕ್ಬೇಡಿ ಅಂತ ಮೊದ್ಲೇ ಹೇಳ್ಬೇಕು. ಸಂಜೆ ನಾಲ್ಕರಿಂದ ಎಂಟರವರೆಗೆ ಹೆಚ್ಚಿನ ಕಡೆ ಅಡುಗೆಮನೆ ಬಂದ್, ಆರಕ್ಕೆ ಹಸಿವಾಗೋರು ಸೂಪರ್‌ಮಾರ್ಕೆಟಿಂದ ಹಣ್ಣು ತಂದಿಟ್ಕೊಳ್ಳಿ.

ಆಗ ಹೇಳಿದ ತೊರ್ಕಾಲ್ ಬೆಟ್ಟ, ಎಲ್ ತೊರ್ಕಾಲ್, ಇರೋದು ಆಂತೆಕೇರಾದಿಂದ ದಕ್ಷಿಣಕ್ಕೆ ಹದಿಮೂರು ಹದಿನಾಲ್ಕು ಕಿಲೋಮೀಟರ್. ಮಾಮೂಲಿ ಬಸ್ ಇಲ್ಲ. ಕಾರ್ ಇಲ್ಲದೋರು ಊರಿಂದ ಟ್ಯಾಕ್ಸಿ ಮಾತಾಡ್ಕೊಳ್ಳಿ, ಕಾಯೋದೂ ಸೇರಿ ರೇಟ್ ಮೊದ್ಲೇ ಒಪ್ಪಿಸ್ಕೊಳ್ಳಿ. ಡೈನೋಸಾರ್ ಕಾಲದಲ್ಲಿ ಸಮುದ್ರದ ತಳ ಆಗಿದ್ದ ಸುಣ್ಣಕಲ್ಲು ಇವತ್ತು 1,200 ಮೀಟರಿಗಿಂತ ಮೇಲಿದೆ, ಮಳೆ ನೀರು ಪದರ ಪದರವಾಗಿ ಕೊರೆದು ಕೊರೆದು ಬಂಡೆಗಳೆಲ್ಲ ಈಗ್ಲೋ ಆಗ್ಲೋ ಬೀಳೋ ಥರ ನಿಂತಿವೆ. ಎಂಟ್ರಿ ಫ್ರೀ. ಹಸಿರು ಗುರುತಿನ ದಾರಿ ಒಂದೂವರೆ ಕಿಲೋಮೀಟರ್, ಹಳದಿ ಅದರ ಎರಡರಷ್ಟು. ಬೋರ್ಡಿನಲ್ಲಿ ಹಸಿರಿಗೆ ಮುಕ್ಕಾಲು ಗಂಟೆ ಅಂತ ಬರೆದಿರ್ತಾರೆ, ಅದು ಮಂಡಿ ಚೆನ್ನಾಗಿರೋರ ಲೆಕ್ಕ. ಕಲ್ಲು ನುಣ್ಣಗೆ ಸವೆದಿದೆ, ಒದ್ದೆ ಇದ್ರೆ ಜಾರುತ್ತೆ, ಅಮ್ಮ ಅರ್ಧದಲ್ಲಿ ಕೂತ್ಬಿಟ್ರು, ಕೂತಿದ್ದೇ ಒಳ್ಳೇದಾಯ್ತು, ಹಿಂದಿನ ಬಂಡೆ ಮೇಲಿಂದ ಕಾಡುಮೇಕೆ ಒಂದು ಇಳಿದು ಬಂದು ನಾಲ್ಕಡಿ ದೂರದಲ್ಲಿ ಮುಳ್ಳುಗಿಡ ಮೇಯ್ತಾ ನಿಂತಿತ್ತು. ಕೊಂಬಿನ ಮೇಲಿನ ಗಂಟು ಗಂಟು ಎಣಿಸ್ಬಹುದಾಗಿತ್ತು. ಕೆಳಗೆ ಊರಲ್ಲಿ ಬೆವರ್ತಿದ್ರೂ ಮೇಲೆ ಗಾಳಿ ಚಳಿ, ಜಾಕೆಟ್ ಬೇಕೇ ಬೇಕು.

ಗ್ರನಾಡಾ ಬಗ್ಗೆ ಬೈಯೋದಷ್ಟೇ ಬಾಕಿ. ಅಲ್ಬೈಸೀನ್ ಬಡಾವಣೆಯಲ್ಲಿ ಅಲ್ಹಂಬ್ರಾ (ಬೆಟ್ಟದ ಮೇಲಿನ ಹಳೇ ಕೋಟೆ-ಅರಮನೆ) ವ್ಯೂ ಅಂತ ರಾತ್ರಿಗೆ 140 ಯೂರೋ ಕಿತ್ಕೊಂಡ್ರು, ವ್ಯೂ ಎಲ್ಲಿ ಅಂತ ಕೇಳಿದ್ರೆ ಬಾತ್‌ರೂಮ್ ಕಿಟಕಿ ತೋರಿಸಿದ್ರು, ಕಮೋಡ್ ಮುಚ್ಚಳದ ಮೇಲೆ ನಿಂತ್ರೆ ಒಂದು ಗೋಪುರದ ತುದಿ ಕಾಣ್ತಿತ್ತು. ಆ ಗಲ್ಲಿಗಳೊಳಗೆ ಟ್ಯಾಕ್ಸಿ ಬರಲ್ಲ, ಗುಂಡುಕಲ್ಲು ಹಾಸಿದ ಏರಲ್ಲಿ ಸೂಟ್‌ಕೇಸ್ ಎಳೆದು ಒಂದು ಚಕ್ರ ಅಲ್ಲೇ ಬಿತ್ತು. ಕೆಳಗಿನ ಊರಲ್ಲೇ ರೂಮ್ ಮಾಡಿ. ಕೆಥೆಡ್ರಲ್ ಹತ್ರ ಹೆಂಗಸರು ಪರಿಮಳದ ಸೊಪ್ಪಿನ ಕಡ್ಡಿ ಕೈಗೆ ತುರುಕಿ ಭವಿಷ್ಯ ಹೇಳಿ ದುಡ್ಡು ಕೇಳ್ತಾರೆ, ಕೈ ಜೇಬಲ್ಲಿಟ್ಕೊಂಡು ನಡೀರಿ. ಅಲ್ಹಂಬ್ರಾ ಟಿಕೆಟ್ ಅಧಿಕೃತ ಸೈಟಲ್ಲೇ ವಾರಗಳ ಮುಂಚೆ ಮಾಡಿ, ಅದರೊಳಗಿನ ನಸ್ರಿದ್ ಅರಮನೆ ಸೇರಿದ್ಯಾ ನೋಡ್ಕೊಳ್ಳಿ, ಬರೀ ತೋಟದ ಟಿಕೆಟ್ಟೂ ಮಾರ್ತಾರೆ. ಅರಮನೆಗೆ ಕೊಟ್ಟಿರೋ ಟೈಮ್ ತಪ್ಪಿದ್ರೆ ಬಿಡಲ್ಲ, ಪಾಸ್‌ಪೋರ್ಟ್ ಒರಿಜಿನಲ್ ಇಟ್ಕೊಳ್ಳಿ. ಆ ಅರಮನೆಯೊಳಗಿನ ಸಿಂಹಗಳ ಅಂಗಳ ನಿಜಕ್ಕೂ ನೋಡೋ ಹಾಗಿದೆ, ಆದ್ರೆ ಸೆಲ್ಫಿ ಕೋಲುಗಳ ಮಧ್ಯೆ ಎಷ್ಟು ನೋಡೋಕಾಗುತ್ತೋ ಅಷ್ಟೇ. ಈ ಊರಿನ ಒಂದು ಒಳ್ಳೆ ಬುದ್ಧಿ ಅಂದ್ರೆ ಬಾರಲ್ಲಿ ಏನಾದ್ರೂ ಕುಡಿಯೋಕೆ ತಗೊಂಡ್ರೆ ಜೊತೆಗೊಂದು ತಿಂಡಿ ಪುಕ್ಕಟೆ.

ಕೋರ್ದೊಬಾದ ಮಸೀದಿ-ಕೆಥೆಡ್ರಲ್‌ಗೆ ಸೋಮವಾರದಿಂದ ಶನಿವಾರ ಬೆಳಗ್ಗೆ ಎಂಟೂವರೆಗೆ ಹೋದ್ರೆ ಒಂದು ಗಂಟೆ ಫ್ರೀ, ಗುಂಪುಗಳು ಬರೋದ್ರೊಳಗೆ ಕಂಬಗಳ ಸಾಲೆಲ್ಲ ನಿಮ್ಮದೇ. ಹಬ್ಬದ ದಿನ ಈ ಪುಕ್ಕಟೆ ಪ್ರವೇಶ ಇರದೇ ಇರ್ಬಹುದು, ಹಿಂದಿನ ದಿನ ಚೆಕ್ ಮಾಡಿ.

ಕೊನೇದು ಕಮಿನೀತೊ ದೆಲ್ ರೇ, ಅಂದ್ರೆ ರಾಜನ ಪುಟ್ಟ ದಾರಿ, ಕಣಿವೆ ಗೋಡೆಗೆ ಅಂಟಿಸಿರೋ ಹಲಗೆ ದಾರಿ. ಕರೆಂಟ್ ಉತ್ಪಾದಿಸೋ ಕಂಪನಿಯ ಕೆಲಸಗಾರರು ಓಡಾಡೋಕೆ 1901ರಿಂದ 1905ರೊಳಗೆ ಕಟ್ಟಿದ್ದು, 1921ರಲ್ಲಿ ರಾಜ ಬಂದ ಮೇಲೆ ಈ ಹೆಸರು. ಆಮೇಲೆ ಹಾಳಾಗಿ ಜನ ಬಿದ್ದು ಸತ್ತ ಮೇಲೆ ಮುಚ್ಚಿ, ಹೊಸದಾಗಿ ಕಟ್ಟಿ 2015ರಲ್ಲಿ ತೆಗೆದ್ರು. ಈಗ ಬೇಲಿ, ಹೆಲ್ಮೆಟ್ ಎಲ್ಲಾ ಇದೆ, ಭಯ ಇಲ್ಲ, ಕಾಲಡಿ ನೋಡಿದ್ರೆ ಹಳೇ ದಾರಿಯ ಮುರಿದ ಕಾಂಕ್ರೀಟ್ ನೇತಾಡೋದು ಮಾತ್ರ ಹೊಟ್ಟೆ ಕಲಕುತ್ತೆ. ಒಟ್ಟು 7.7 ಕಿಲೋಮೀಟರ್, ಅರ್ದಾಲೆಸ್ ಕಡೆಯಿಂದ ಹೊಕ್ಕು ಎಲ್ ಚೊರ್ರೊದಲ್ಲಿ ಹೊರಗೆ, ಒಂದೇ ದಿಕ್ಕು, ದಾರಿಯಲ್ಲಿ ಟಾಯ್ಲೆಟ್ ಇಲ್ಲ. ಕಾರ್ ಬಿಟ್ಟಿರೋ ಕಡೆಗೆ ಹೋಗೋಕೆ ಶಟಲ್ ಬಸ್ ಇದೆ, ಅದರಲ್ಲಿ ನಾವು ನಿಂತ್ಕೊಂಡೇ ಬಂದ್ವಿ, ಅದೂ ಆ ತಿರುವುಗಳಲ್ಲಿ. ಅಮ್ಮ ಆ ದಿನ ಬರ್ಲಿಲ್ಲ, ಮಾರ್ಕೆಟ್ ಹತ್ರದ ಆಯಮ್ಮನ ಬಾರಲ್ಲೇ ಕೂತಿದ್ರು. ಜೋರು ಗಾಳಿ ಇದ್ರೆ ಅವತ್ತಿಗೆ ಮುಚ್ಚಿಬಿಡ್ತಾರೆ, ಹಾಗಾಗಿ ವಾಪಸ್ ಫ್ಲೈಟಿನ ಹಿಂದಿನ ದಿನಕ್ಕೆ ಬುಕ್ ಮಾಡ್ಬೇಡಿ, ಮತ್ತೆ ಚಪ್ಪಲಿ ಹಾಕ್ಕೊಂಡ್ ಹೋದ್ರೆ ಗೇಟಲ್ಲೇ ವಾಪಸ್ ಕಳಿಸ್ತಾರೆ.