ಲೆಕ್ಕಕ್ಕೆ ಸಿಗದ 360 ವ್ಯಾಟ್: ಮಲ್ಪೆ ಮನೆಯ ಕರೆಂಟ್ ಬಿಲ್ಲಿನ ಬೆನ್ನು ಹತ್ತಿ

ಕೊನೆಗೂ ಸಿಕ್ಕಿತು. ಕೆಳಗಿನ ಮನೆಯ ಮೀಟರಿನಲ್ಲಿ ಓಡುತ್ತಿದ್ದ, ಆದರೆ ಆ ಮನೆಯ ಯಾವ ಉಪಕರಣಕ್ಕೂ ಸೇರದ ಕರೆಂಟು ನ್ಯೂಟ್ರಲ್ (ಕರೆಂಟು ವಾಪಸು ಹೋಗುವ ವೈರು) ದಾರಿಯಲ್ಲಿ ಬರುತ್ತಿತ್ತು. ಮೀಟರೂ ಸರಿಯಿತ್ತು, ತಾಳೆ ನೋಡಲು ನಾವು ಹಾಕಿದ ಸೆನ್ಸರೂ ಸರಿಯಿತ್ತು. ಎರಡೂ ಬೇರೆ ಬೇರೆ ವೈರನ್ನು ನೋಡುತ್ತಿದ್ದವು, ಅಷ್ಟೇ.

ಮನೆಗೆ ಎರಡು ಮಹಡಿ, ಎರಡು ಆರ್‌ಆರ್ ನಂಬರ್. ಕೆಳಗೆ ಮಾಲೀಕರು, ಮೇಲೆ ಬಾಡಿಗೆಯವರು. ಕೆಳಗಿನ ಬಳಕೆ ತಿಂಗಳಿಗೆ 150 ಯುನಿಟ್ ಆಸುಪಾಸು, ಗೃಹಜ್ಯೋತಿಯ ಅರ್ಹತೆ 165. ಹಾಗಾಗಿ ಶೂನ್ಯ ಬಿಲ್ಲು. ಬೇಸಗೆಯಲ್ಲಿ ಅದು ಏಕಾಏಕಿ 208ಕ್ಕೆ ಏರಿತು. ಅರ್ಹತೆ ಮೀರಿ 200ರ ಒಳಗಿದ್ದರೆ ಹೆಚ್ಚುವರಿ ಯುನಿಟ್ಟಿಗೆ ಮಾತ್ರ ದುಡ್ಡು. 200 ದಾಟಿತೋ, ಪೂರ್ತಿ ಬಿಲ್ಲು ತಲೆಮೇಲೆ. 2025-26ರ ದರದಲ್ಲಿ 208 ಯುನಿಟ್ಟಿಗೆ 5.80ರಂತೆ 1,206 ರೂಪಾಯಿ, 3 ಕಿಲೋವ್ಯಾಟ್ ಮಂಜೂರಾತಿಗೆ 145ರಂತೆ ನಿಗದಿತ ಶುಲ್ಕ 435, ಶೇ. 9 ತೆರಿಗೆ 109, ಪಿಂಚಣಿ-ಗ್ರಾಚ್ಯುಟಿಗೆಂದು ಯುನಿಟ್ಟಿಗೆ 36 ಪೈಸೆಯಂತೆ 75. ಒಟ್ಟು 1,825. ಇಂಧನ ಹೊಂದಾಣಿಕೆ ಶುಲ್ಕ ಬೇರೆ. ಮನೆಯಲ್ಲಿ ಹೊಸದಾಗಿ ಒಂದು ಬಲ್ಬೂ ಬಂದಿರಲಿಲ್ಲ.

ಅಳೆಯಲು ಮಾಡಿದ ಜೋಡಣೆ ಹವ್ಯಾಸಿಗಳಿಗೆ ಗೊತ್ತಿರುವಂಥದ್ದೇ: ಇಎಸ್‌ಪಿ32 (ಪುಟ್ಟ ಕಂಪ್ಯೂಟರ್ ಬೋರ್ಡು), ಪಿಝೆಮ್-004ಟಿ (ವ್ಯಾಟ್ ಅಳೆಯುವ ಮಾಡ್ಯೂಲು), 100 ಆಂಪಿಯರ್ ಸಿಟಿ (ವೈರಿನ ಸುತ್ತ ತೊಡಿಸಿ ಕರೆಂಟು ಅಳೆಯುವ ಬಳೆಯಂಥ ಸೆನ್ಸರು). ಜೊತೆಗೆ ಮೀಟರಿನ ಮಿಣುಕುವ ಎಲ್‌ಇಡಿಯ ಮೇಲೆ ಬೆಳಕು ಗುರುತಿಸುವ ಫೋಟೋಟ್ರಾನ್ಸಿಸ್ಟರ್, ಸುತ್ತ ಕಪ್ಪು ಇನ್ಸುಲೇಶನ್ ಟೇಪು. ಮೀಟರ್ ಜಗಲಿಯಲ್ಲಿದೆ. ಪಡುವಣ ಬಿಸಿಲು ನೇರ ಬೀಳುವುದರಿಂದ ಒಂದು ಪದರ ಟೇಪು ಸಾಲದು, ಸಂಜೆ ಹೊತ್ತು ಸುಳ್ಳು ಪಲ್ಸು ಬರುತ್ತದೆ. ಸೈಕಲ್ ಟ್ಯೂಬಿನ ತುಂಡು ಕೊಳವೆಯಂತೆ ಸಿಕ್ಕಿಸಿದ ಮೇಲೆ ನಿಂತಿತು. ಮೀಟರಿನ ಸೀಲು ಮುಟ್ಟುವ ಪ್ರಶ್ನೆಯೇ ಇಲ್ಲ, ಎಲ್ಲವೂ ಹೊರಗಿನಿಂದ.

ಸಿಟಿ ಪೂರೈಸುವವರ ಬಗ್ಗೆ ಹೇಳದೆ ಇರಲಾಗದು. ಬಾಯ್ದೆರೆಯುವ ಸಿಟಿ ಎಂದು ಚಿತ್ರ ಹಾಕಿ, ಗಟ್ಟಿ ಬಳೆಯಂಥದ್ದನ್ನು ಕಳಿಸುತ್ತಾರೆ. ಅದನ್ನು ತೊಡಿಸಲು ಮೇನ್ ವೈರನ್ನೇ ಟರ್ಮಿನಲ್ಲಿನಿಂದ ಬಿಚ್ಚಬೇಕು. ಬಾಯ್ದೆರೆಯುವಂಥದ್ದು ಬಂದರೂ ಎರಡು ತುಂಡುಗಳ ಮುಖ ಸಮನಾಗಿ ಕೂರುವುದಿಲ್ಲ. ಕೂದಲೆಳೆ ಸಂದಿದ್ದರೂ ರೀಡಿಂಗ್ ಕಡಿಮೆ ತೋರುತ್ತದೆ. ತಂದ ಕೂಡಲೇ ಇಸ್ತ್ರಿಪೆಟ್ಟಿಗೆ ಹಾಕಿ ಕ್ಲ್ಯಾಂಪ್ ಮೀಟರಿನ (ವೈರ್ ಬಿಚ್ಚದೆ ಸುತ್ತ ಕಚ್ಚಿಸಿ ಕರೆಂಟು ಅಳೆಯುವ ಉಪಕರಣ) ಜೊತೆ ತಾಳೆ ನೋಡಿ, ಆಗದಿದ್ದರೆ ಆ ದಿನವೇ ವಾಪಸು ಕಳಿಸಿ.

ಈಗ ಅಸಲು ಸಂಗತಿ. ಮೀಟರಿನ ಮುಖದಲ್ಲಿ ಯುನಿಟ್ಟಿಗೆ 3,200 ಪಲ್ಸ್ ಎಂದು ಬರೆದಿದ್ದರೆ, ಎರಡು ಮಿಣುಕಿನ ನಡುವಿನ ಸೆಕೆಂಡುಗಳಿಂದ 1,125ನ್ನು ಭಾಗಿಸಿ: ಆ ಕ್ಷಣದ ವ್ಯಾಟ್ ಸಿಗುತ್ತದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಕೆಳಗಿನ ಮನೆಯಲ್ಲಿ ರೂಟರ್ ಮತ್ತು ಇನ್ವರ್ಟರಿನ ಚಾರ್ಜಿಂಗ್ ಮಾತ್ರ. ಫ್ರಿಜ್ಜಿನ ಕಂಪ್ರೆಸರ್ ನಿಂತ ಹೊತ್ತಿನಲ್ಲಿ ಪಿಝೆಮ್ ತೋರಿಸುತ್ತಿದ್ದುದು 40 ವ್ಯಾಟ್. ಮೀಟರ್ ಮಿಣುಕುತ್ತಿದ್ದುದು 2.8 ಸೆಕೆಂಡಿಗೊಮ್ಮೆ, ಅಂದರೆ 400 ವ್ಯಾಟ್.

ಇಲ್ಲಿ ಹಲವರು ಮಾಡುವ ಕೆಲಸವೆಂದರೆ ಪ್ರೋಗ್ರಾಮಿನಲ್ಲಿ ಒಂದು ಗುಣಕ ಹಾಕಿ ಎರಡನ್ನೂ ಹೊಂದಿಸಿಬಿಡುವುದು. ದಯವಿಟ್ಟು ಬೇಡ. ಸೆನ್ಸರಿನದೇ ತಪ್ಪಾದರೆ ಅದು ಎಲ್ಲ ಲೋಡಿನಲ್ಲೂ ಅದೇ ಪ್ರಮಾಣದಲ್ಲಿ ಇರಬೇಕು. ಇಲ್ಲಿ ಹಾಗಿರಲಿಲ್ಲ. ಕೆಳಗೆ 2 ಕಿಲೋವ್ಯಾಟ್ ಗೀಸರ್ ಹಾಕಿದರೆ ಎರಡೂ ರೀಡಿಂಗ್ ಅಚ್ಚುಕಟ್ಟಾಗಿ ಕೂಡುತ್ತಿದ್ದವು, ಗೀಸರ್ ಆರಿಸಿದರೆ ಮತ್ತೆ ಅಂತರ. ಬೆಳಗ್ಗೆ ಇಲ್ಲ, ರಾತ್ರಿ ಇದೆ. ಮೀಟರ್ ಪರೀಕ್ಷೆಗೆ ಅರ್ಜಿ ಕೊಟ್ಟರೂ ‘ಸರಿಯಿದೆ’ ಎಂದೇ ಬರುತ್ತಿತ್ತು, ಏಕೆಂದರೆ ಅದು ಸರಿಯೇ ಇತ್ತು.

ಸುಳಿವು ಕೊಟ್ಟದ್ದು ಮೀಟರಿನ ಮೇಲಿನ ‘ಇಎಲ್’ ಎಂಬ ಪುಟ್ಟ ಕೆಂಪು ದೀಪ. ಈಗಿನ ಸಿಂಗಲ್ ಫೇಸ್ ಎಲೆಕ್ಟ್ರಾನಿಕ್ ಮೀಟರುಗಳು ಕರೆಂಟು ಒಳಬರುವ ಫೇಸನ್ನೂ ವಾಪಸು ಹೋಗುವ ನ್ಯೂಟ್ರಲನ್ನೂ ಬೇರೆ ಬೇರೆ ಅಳೆಯುತ್ತವೆ. ಎರಡರಲ್ಲಿ ವ್ಯತ್ಯಾಸ ಕಂಡರೆ ಇಎಲ್ ದೀಪ ಹೊತ್ತುತ್ತದೆ, ಯಾವುದು ಹೆಚ್ಚೋ ಅದಕ್ಕೆ ಯುನಿಟ್ ಓಡುತ್ತದೆ. ನ್ಯೂಟ್ರಲ್ ತಪ್ಪಿಸಿ ಅರ್ತಿಗೆ ಕೊಟ್ಟು ಕದಿಯುವವರನ್ನು ತಡೆಯಲು ಮಾಡಿದ ಏರ್ಪಾಡು ಅದು. ಸಿಟಿಯನ್ನು ಫೇಸಿನಿಂದ ತೆಗೆದು ನ್ಯೂಟ್ರಲ್ ವೈರಿಗೆ ಹಾಕಿದ ತಕ್ಷಣ ಪಿಝೆಮ್ ಕೂಡ 400 ತೋರಿಸಿತು. ಪ್ರಶ್ನೆ ಅಲ್ಲಿಗೆ ಅರ್ಧ ಬಗೆಹರಿಯಿತು: ಬೇರೆಯವರ ಕರೆಂಟು ಈ ಮನೆಯ ನ್ಯೂಟ್ರಲ್ಲಿನಲ್ಲಿ ವಾಪಸು ಹೋಗುತ್ತಿದೆ.

ಮೇಲಿನ ಮನೆಯವರಿಗೂ ಇದರಿಂದ ಲಾಭವಿಲ್ಲ ಎಂಬುದನ್ನು ಗಮನಿಸಿ. ಅವರ ಮೀಟರಿನಲ್ಲಿ ಫೇಸ್ ಪೂರ್ತಿ ಇರುವುದರಿಂದ ಅವರಿಗೆ ಪೂರ್ತಿ ಬಿಲ್ಲು. ಅದೇ ಕರೆಂಟಿನ ಒಂದು ಪಾಲು ಕೆಳಗಿನ ನ್ಯೂಟ್ರಲ್ಲಿನಲ್ಲಿ ಹರಿದು ಮತ್ತೊಮ್ಮೆ ಲೆಕ್ಕವಾಗುತ್ತದೆ. ಕೆಳಗೆ ಬಳಕೆ ಹೆಚ್ಚಿದ್ದಾಗ ಫೇಸೇ ದೊಡ್ಡದಾಗಿ ಅಂತರ ಮಾಯ. ಕೆಳಗೆ ಕಡಿಮೆ, ಮೇಲೆ ಹೆಚ್ಚು ಇದ್ದಾಗ ಹೊರೆ. ಮೇಲಿನವರು ಏಪ್ರಿಲ್‌ನಲ್ಲಿ ಏಸಿ ಹಾಕಿಸಿದ್ದರು. ಎರಡೂ ಮನೆಯ ನ್ಯೂಟ್ರಲ್ಲುಗಳ ಸೇರಿಕೆ ಎಷ್ಟೋ ವರ್ಷದ ಹಳೆಯದು, ಬಿಲ್ಲಿನಲ್ಲಿ ಕಂಡದ್ದು ರಾತ್ರಿಯಿಡೀ ಏಸಿ ಓಡತೊಡಗಿದ ಮೇಲೆ.

ಹುಡುಕುವ ಕ್ರಮ ಹೀಗೆ. ಕೆಳಗಿನ ಮೇನ್ ಆಫ್ ಮಾಡಿ, ಮೇಲೆ 1,000 ವ್ಯಾಟಿನ ಇಸ್ತ್ರಿಪೆಟ್ಟಿಗೆ ಹಾಕಿ. 4.3 ಆಂಪಿಯರ್ ಎಳೆಯುತ್ತದೆ. ಕೆಳಗಿನ ನ್ಯೂಟ್ರಲ್ಲಿಗೆ ಕ್ಲ್ಯಾಂಪ್ ಮೀಟರ್ ಹಾಕಿದರೆ ಸೊನ್ನೆ ಬರಬೇಕು. ಬಂದದ್ದು 1.8 ಆಂಪಿಯರ್. ಕೆಳಗಿನ ಮೇನ್ ಸಿಂಗಲ್ ಪೋಲ್ ಎಂಸಿಬಿ ಆಗಿದ್ದರಿಂದ ಫೇಸ್ ಮಾತ್ರ ಕಡಿದು ನ್ಯೂಟ್ರಲ್ ಹಾಗೇ ಉಳಿದಿತ್ತು, ಅದಕ್ಕೇ ಕಂಡಿತು. ಜಾಗ ಹುಡುಕಲು ಎರಡೂ ಮನೆಯ ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯಬೇಕು, ಇಲ್ಲದಿದ್ದರೆ ಸರ್ವಿಸ್ ವೈರಿನ ಕಡೆಯಿಂದ ಎರಡು ನ್ಯೂಟ್ರಲ್ಲೂ ಒಂದೇ ಎಂದು ತೋರುತ್ತದೆ. ಎರಡೂ ವೈರನ್ನು ಒಟ್ಟಿಗೆ ಕಡಿಯುವ ಡಬಲ್ ಪೋಲ್ ಐಸೊಲೇಟರ್ ಇಲ್ಲದ ಬೋರ್ಡಿನಲ್ಲಿ ಈ ಕೆಲಸಕ್ಕೆ ಲೈಸೆನ್ಸ್ ಇರುವ ವೈರ್‌ಮ್ಯಾನ್ ಬೇಕೇ ಬೇಕು. ನಂತರ ಎರಡು ನ್ಯೂಟ್ರಲ್ ಲಿಂಕುಗಳ (ಮನೆಯ ನ್ಯೂಟ್ರಲ್ ವೈರುಗಳೆಲ್ಲ ಸೇರುವ ಪಟ್ಟಿ) ನಡುವೆ ಮಲ್ಟಿಮೀಟರಿನ ಬೀಪ್ ನೋಡಿ (ಸಂಪರ್ಕ ಇದ್ದರೆ ಸದ್ದು), ಒಂದೊಂದೇ ವೈರ್ ಬಿಚ್ಚುತ್ತಾ ಹೋಗುವುದು.

ಬೀಪ್ ನಿಂತದ್ದು ಮೆಟ್ಟಿಲಿನ ಲೈಟಿನ ವೈರ್ ಬಿಚ್ಚಿದಾಗ. ಟೂ-ವೇ ಸ್ವಿಚ್ಚಿನ ಮೇಲಿನ ಪೆಟ್ಟಿಗೆಯಲ್ಲಿ ಕೆಳಗಿನ ನ್ಯೂಟ್ರಲ್ಲನ್ನು ಮೇಲಿನದಕ್ಕೆ ತಿರುಚಿ ಕಟ್ಟಿದ್ದರು. ಬೇರ್ಪಡಿಸಿ, ಕರೆಂಟು ಕೊಟ್ಟು, ಮತ್ತೆ ಇಸ್ತ್ರಿಪೆಟ್ಟಿಗೆ ಹಾಕಿದರೆ 1.1 ಆಂಪಿಯರ್! ಸೊನ್ನೆ ಬರಲೇ ಇಲ್ಲ.

ಈ ಉಳಿದ 1.1 ಇಡೀ ಕೆಲಸದಲ್ಲೇ ಹೆಚ್ಚು ಕಾಡಿದ್ದು. ಮತ್ತೆ ಮೇನ್ ತೆಗೆದು ಬೀಪ್ ನೋಡಿದರೆ ಸದ್ದಿಲ್ಲ. ಕರೆಂಟು ಕೊಟ್ಟರೆ ಹರಿಯುತ್ತದೆ. ಕಾರಣ ಇನ್ವರ್ಟರ್. ಮೇನ್ ತೆಗೆದರೂ ಇನ್ವರ್ಟರ್ ಔಟ್‌ಪುಟ್ಟಿನಲ್ಲಿ ಕರೆಂಟು ಇರುತ್ತದಲ್ಲ, ಹಾಗಾಗಿ ಬೋರ್ಡ್ ಮುಟ್ಟುವ ಮೊದಲು ಅದನ್ನು ಆರಿಸಿ ಪ್ಲಗ್ ಕಿತ್ತಿಡುವುದು ಕಡ್ಡಾಯ. ಆದರೆ ಮನೆಬಳಕೆಯ ಇನ್ವರ್ಟರುಗಳಲ್ಲಿ ಇನ್‌ಪುಟ್ ನ್ಯೂಟ್ರಲ್ ಸಾಮಾನ್ಯವಾಗಿ ನೇರ ಔಟ್‌ಪುಟ್ಟಿಗೆ ಹೋಗುತ್ತದೆ. ಪ್ಲಗ್ ಕಿತ್ತಾಗ ಆ ದಾರಿ ಕಡಿದುಹೋಗಿ, ಎರಡನೇ ಸೇರಿಕೆ ಪರೀಕ್ಷೆಗೆ ಸಿಗುವುದೇ ಇಲ್ಲ. ಕರೆಂಟು ಹೋದಾಗ ಮೇಲಿನವರಿಗೂ ಇರಲಿ ಎಂದು ಕೆಳಗಿನ ಇನ್ವರ್ಟರಿನಿಂದ ಒಂದು ಫ್ಯಾನು, ಒಂದು ಲೈಟು ಕೊಟ್ಟಿದ್ದರು. ಆ ಪಾಯಿಂಟಿನ ನ್ಯೂಟ್ರಲ್ ಮೇಲಿನ ಸ್ವಿಚ್ ಬೋರ್ಡಿನಲ್ಲಿ ಮೇಲಿನ ನ್ಯೂಟ್ರಲ್ ಜೊತೆ ಲೂಪ್ ಆಗಿತ್ತು. ಇಸ್ತ್ರಿಪೆಟ್ಟಿಗೆ ಓಡುತ್ತಿರುವಾಗಲೇ ಇನ್ವರ್ಟರ್ ಪ್ಲಗ್ ಕಿತ್ತರೆ ಕ್ಲ್ಯಾಂಪ್ ಮೀಟರ್ 1.1ರಿಂದ ನೇರ ಸೊನ್ನೆಗೆ ಬಿತ್ತು. ಫ್ಯಾನ್-ಲೈಟಿಗೆ ಪ್ರತ್ಯೇಕ ನ್ಯೂಟ್ರಲ್ ಎಳೆದದ್ದಾಯಿತು.

ಇನ್ನೊಂದು ಲೆಕ್ಕ ಹೊಂದುತ್ತಿರಲಿಲ್ಲ. 1 ಚದರ ಮಿಲಿಮೀಟರಿನ ತಾಮ್ರದ ವೈರ್ 20 ಮೀಟರಿಗೆ ಸುಮಾರು 0.36 ಓಮ್. ಮೇಲಿನ ಮನೆಯ 4 ಚದರ ಮಿಲಿಮೀಟರಿನ ನ್ಯೂಟ್ರಲ್ 15 ಮೀಟರಿಗೆ 0.07 ಮಾತ್ರ. ಹಾಗಾದರೆ ಒಂದು ಸೇರಿಕೆಯಲ್ಲಿ ಆರನೇ ಒಂದು ಪಾಲು ಹರಿಯಬೇಕು. ಹರಿಯುತ್ತಿದ್ದುದು ನಾಲ್ಕನೇ ಒಂದು. ಮೇಲಿನ ನ್ಯೂಟ್ರಲ್ಲಿನಲ್ಲೇ ಎಲ್ಲೋ ತಡೆ ಇರಬೇಕು ಎಂದು ತೆರೆದು ನೋಡಿದರೆ, ಲಿಂಕಿನ ಹಿತ್ತಾಳೆ ಸ್ಕ್ರೂ ಸುತ್ತ ಹಸಿರು ಕಿಲುಬು. ಕಡಲ ಉಪ್ಪುಗಾಳಿಯ ಕೆಲಸ. ಲೈಟಿನ ಸಣ್ಣ ವೈರಿನಲ್ಲಿ ಏಸಿಯ ಕರೆಂಟು ಹರಿಯುತ್ತಿತ್ತೆಂದರೆ ಬಿಲ್ಲಿಗಿಂತ ದೊಡ್ಡ ಭಯ ಬೆಂಕಿಯದು. ಮೇಲಿನ ನ್ಯೂಟ್ರಲ್ ಪೂರ್ತಿ ಕಳಚಿದ್ದರೆ ಆ ಮನೆಯ ಅಷ್ಟೂ ಲೋಡ್ ಸೇರಿಕೆಯ ಈ ಎರಡು ಸಣ್ಣ ವೈರುಗಳಿಗೇ ಬೀಳುತ್ತಿತ್ತು. ವೈರಿನ ತುದಿ ಕತ್ತರಿಸಿ, ಹೊಸ ತಾಮ್ರ ಬಿಡಿಸಿ, ಲಗ್ ಒತ್ತಿ, ಲಿಂಕನ್ನೇ ಬದಲಿಸಲಾಗಿದೆ. ಕರಾವಳಿಯ ಮನೆಗಳಲ್ಲಿ ಪ್ರತಿ ಮಳೆಗಾಲ ಮುಗಿದ ಮೇಲೆ ಈ ಸ್ಕ್ರೂಗಳನ್ನು ಬಿಗಿ ಮಾಡಿಸಿ.

ಈಗ ರಾತ್ರಿ ಪಿಝೆಮ್ 40, ಮೀಟರ್ 28 ಸೆಕೆಂಡಿಗೊಂದು ಮಿಣುಕು. ಇಎಲ್ ದೀಪ ಆರಿದೆ. ಹಿಂದೆ ಹಾಕಿದ ಕೂಡಲೇ ಬೀಳುತ್ತಿತ್ತೆಂದು ಯಾರೋ ಬೈಪಾಸ್ ಮಾಡಿಟ್ಟಿದ್ದ 30 ಮಿಲಿಆಂಪಿಯರ್ ಆರ್‌ಸಿಸಿಬಿಯನ್ನು (ಫೇಸ್-ನ್ಯೂಟ್ರಲ್ ವ್ಯತ್ಯಾಸ ಕಂಡರೆ ಬೀಳುವ ರಕ್ಷಣಾ ಸ್ವಿಚ್ಚು) ಮತ್ತೆ ಸೇರಿಸಿದ್ದೇವೆ, ಈಗ ನಿಲ್ಲುತ್ತದೆ. ಬೀಳುತ್ತಿದ್ದುದಕ್ಕೂ ಕಾರಣ ಇದೇ ಸೇರಿಕೆ.

ನಡುವೆ ಮುಂದಿನ ಕೆಲಸದ ಯೋಚನೆಯೂ ಹುಟ್ಟಿಕೊಂಡಿದೆ. ಬಾವಿಯ 1 ಎಚ್‌ಪಿ ಪಂಪಿನ ಲೈನಿಗೆ ಪಿಝೆಮ್ ಹಾಕಿದರೆ ನೀರು ತೀರಿದ್ದು ಗೊತ್ತಾಗುತ್ತದೆ: ಸೆಂಟ್ರಿಫ್ಯೂಗಲ್ ಪಂಪು ನೀರಿಲ್ಲದೆ ತಿರುಗಿದರೆ ವ್ಯಾಟ್ ಇಳಿಯುತ್ತದೆ. ಮಾಮೂಲಿಯ ಶೇ. 60ಕ್ಕಿಂತ ಕೆಳಗೆ ಹತ್ತು ಸೆಕೆಂಡ್ ನಿಂತರೆ ಕಾಂಟ್ಯಾಕ್ಟರ್ ಬಿಟ್ಟು ಪಂಪು ನಿಲ್ಲುವಂತೆ ಮಾಡಬೇಕು. ಮೇ ತಿಂಗಳಲ್ಲಿ ಬಾವಿ ಆಳಕ್ಕಿಳಿದಾಗ ಸೀಲು ಸುಡುವುದು ತಪ್ಪುತ್ತದೆ. ಫೂಟ್ ವಾಲ್ವ್ ಸೋರಿದರೂ ಅದೇ ಗ್ರಾಫಿನಲ್ಲಿ ಕಾಣಬೇಕು, ಪ್ರೈಮ್ ತಪ್ಪಿದ (ಒಳಗಿನ ನೀರು ಇಳಿದುಹೋದ) ಪಂಪು ಶುರುವಿನಲ್ಲೇ ಕಡಿಮೆ ವ್ಯಾಟ್ ತೋರಿಸುತ್ತದೆ.

ಅದಕ್ಕೂ ಮೊದಲು ಒಂದು ಕಾವಲು ಬೇಕು. ಫೇಸ್, ನ್ಯೂಟ್ರಲ್ ಎರಡನ್ನೂ ಒಂದೇ ಸಿಟಿಯೊಳಗೆ ಹಾಯಿಸಿದರೆ ಬರುವುದು ಎರಡರ ವ್ಯತ್ಯಾಸ ಮಾತ್ರ, ಸರಿಯಿದ್ದರೆ ಸೊನ್ನೆ. ಪಿಝೆಮ್ 20 ಮಿಲಿಆಂಪಿಯರಿಗಿಂತ ಕೆಳಗೆ ಓದುವುದಿಲ್ಲವಾದ್ದರಿಂದ ಎರಡು ವೈರನ್ನೂ ಜೊತೆಯಾಗಿ ಐದು ಸುತ್ತು ಸುತ್ತಿ, ಬಂದದ್ದನ್ನು ಐದರಿಂದ ಭಾಗಿಸುವ ಯೋಜನೆ. ಆಗ 4 ಮಿಲಿಆಂಪಿಯರಿನ ಸೋರಿಕೆಯೂ ಸಿಗಬೇಕು. ಸಿಟಿಯ ತೂತಿನಲ್ಲಿ 4 ಚದರ ಮಿಲಿಮೀಟರಿನ ವೈರ್ ಅಷ್ಟು ಸುತ್ತು ಹಿಡಿಯದು, ದೊಡ್ಡ ಬಳೆಯದ್ದು ಬೇಕು. ಆರ್ಡರ್ ಹೋಗಿದೆ.